ಮರಾಮತ್ತು ಯಾರ ಋಣ?

ಏಪ್ರಿಲ್ ಕೊನೆಗೋ ಮೇ ಮೊದಲಿಗೋ ಬೆಂಗಳೂರಿಗೆ ಬೇಸಿಗೆಯ ಜೋರು ಮಳೆ ಬೀಳುತ್ತದೆ. ಬಿಸಿಲಿನಲ್ಲಿ ಬೆಂದ ಊರಿಗೆಲ್ಲ ಅದು ತಂಪು. ಹಳೆಯ ಬಡಾವಣೆಗಳಲ್ಲಿ ಮನೆ ಬಾಡಿಗೆಗೆ ಕೊಟ್ಟವರ ಫೋನು ಮಾತ್ರ ಅಂದು ರಾತ್ರಿಯೇ ಹೊಡೆದುಕೊಳ್ಳತೊಡಗುತ್ತದೆ. “ಅಡುಗೆಮನೆ ಸೋರ್ತಾ ಇದೆ ಸಾರ್.” “ಸ್ವಿಚ್ ಮುಟ್ಟಿದ್ರೆ ಜುಮ್ ಅನ್ನುತ್ತೆ ಭಾಯ್.” “ಬಚ್ಚಲ ನೀರು ಹೋಗ್ತಾ ಇಲ್ಲ, ಮಕ್ಕಳಿಗೆ ಸ್ನಾನ ಮಾಡ್ಸೋದು ಹೇಗೆ?” ಎಲ್ಲಕ್ಕೂ ನಾವು ಕೊಡುವ ಉತ್ತರ ಒಂದೇ: “ನಾಳೆ ಆಳು ಕಳಿಸ್ತೀವಿ.” ಹಿಂದೆ ದೆವ್ವ ಮನೆಯೊಳಗೆ ಬಾರದಿರಲೆಂದು ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ದೆವ್ವ ದಿನಾ ಬಂದು, ಓದಿ, ಹಿಂದಿರುಗುತ್ತಿತ್ತಂತೆ. ಮಾಲೀಕರಾದ ನಾವು ಬಾಡಿಗೆದಾರರನ್ನು ಅದೇ ಮಂತ್ರದಿಂದ ಸಾಗಹಾಕುತ್ತಿದ್ದೇವೆ. ಒಂದು ವ್ಯತ್ಯಾಸವಿದೆ. ದೆವ್ವ ಬಾಡಿಗೆ ಕೊಡುತ್ತಿರಲಿಲ್ಲ.

ಈ ಮಾತನ್ನು ನಾವು ಹೊರಗೆ ನಿಂತು ಹೇಳುತ್ತಿಲ್ಲ. ಚಾಮರಾಜಪೇಟೆಯಲ್ಲಿ ತಂದೆಯಿಂದ ಬಂದ ಒಂದು ಹಳೆಯ ಮನೆ ನಮ್ಮ ಕುಟುಂಬಕ್ಕಿದೆ. ಅದನ್ನು ಮೂರು ಪೋರ್ಷನ್ ಮಾಡಿ ಬಾಡಿಗೆಗೆ ಕೊಟ್ಟಿದ್ದೇವೆ. ಕತೆ ಬರೆದುಕೊಂಡಿರುವವರಿಗೆ ಬೇರೇನು ಕೆಲಸವೆಂದು ಒಡಹುಟ್ಟಿದವರು ಅದರ ಉಸ್ತುವಾರಿಯನ್ನು ನಮ್ಮ ತಲೆಗೆ ಕಟ್ಟಿದ್ದಾರೆ. ಬಾಡಿಗೆ ವಸೂಲಿ, ಪ್ಲಂಬರನ ಹುಡುಕಾಟ, ಎಸ್.ಜೆ.ಪಿ. ರಸ್ತೆಯ ಅಂಗಡಿಗಳಲ್ಲಿ ಪೈಪು, ವಾಲ್ವುಗಳಿಗಾಗಿ ಚೌಕಾಸಿ ಎಲ್ಲವೂ ಹದಿನೈದು ವರ್ಷಗಳಿಂದ ನಮ್ಮ ದಿನಚರಿಯಾಗಿದೆ. ಆದ್ದರಿಂದ ಈ ಲೇಖನದಲ್ಲಿ ಆರೋಪಿಯೂ ನಾವೇ, ಸಾಕ್ಷಿಯೂ ನಾವೇ.

ನಮ್ಮ ಬಡಾವಣೆಗಳು ಹುಟ್ಟಿದ ಬಗೆಯನ್ನು ಒಮ್ಮೆ ನೆನೆಯೋಣ. ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. 1898ರಲ್ಲಿ ಊರಿಗೆ ಪ್ಲೇಗ್ ಬಡಿಯಿತು. ಗಾಳಿ ಬೆಳಕಿಲ್ಲದ, ಚರಂಡಿಯಿಲ್ಲದ ಪೇಟೆಯ ಇಕ್ಕಟ್ಟಿನಲ್ಲಿ ಜನ ಸತ್ತ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ಅಗಲ ರಸ್ತೆ, ಮನೆಯ ಹಿಂದೆ ಕನ್ಸರ್ವೆನ್ಸಿ ಗಲ್ಲಿಗಳೊಂದಿಗೆ ಬೆಳೆದವು. ಕೆಟ್ಟ ಮನೆಯೆಂಬುದು ಮಾಲೀಕನ ಖಾಸಗಿ ವಿಷಯವಲ್ಲ, ಅದು ಊರಿನ ಆರೋಗ್ಯದ ಪ್ರಶ್ನೆ ಎಂಬ ಪಾಠವನ್ನು ಬೆಂಗಳೂರು ಹೆಣಗಳನ್ನು ಎಣಿಸಿ ಕಲಿತಿತ್ತು. ಅದೇ ಬಡಾವಣೆಗಳ ಔಟ್‌ಹೌಸುಗಳಲ್ಲಿ, ವಠಾರಗಳಲ್ಲಿ, ಮಹಡಿ ಮೇಲೆ ಶೀಟು ಹೊದಿಸಿ ಎಬ್ಬಿಸಿದ ಕೋಣೆಗಳಲ್ಲಿ ನಾವು ಆ ಪಾಠವನ್ನು ಮರೆತಿದ್ದೇವೆ.

ಹಳೆಯ ಮನೆಯ ರಿಪೇರಿ ದೊಡ್ಡ ವಿದ್ಯೆಯೇನಲ್ಲ. ಅದಕ್ಕೆ ಬೇಕಾದದ್ದು ಗಮನ. ನಮ್ಮ ಅನುಭವದಲ್ಲಿ ಅರ್ಧದಷ್ಟು ಸೋರಿಕೆಗೆ ಕಾರಣ ಬಿರುಕಲ್ಲ. ತಾರಸಿಯ ನೀರು ಹೋಗುವ ತೂತಿನಲ್ಲಿ ಕಟ್ಟಿಕೊಂಡ ಎಲೆ, ಪ್ಲಾಸ್ಟಿಕ್, ಪಾರಿವಾಳದ ಗೂಡು. ಒಂದು ಪೊರಕೆ, ಒಂದು ಗಂಟೆ ಸಾಕು. ಮದ್ರಾಸ್ ತಾರಸಿಯ ಮನೆಯಾದರೆ ಇನ್ನೊಂದು ಸೂಕ್ಷ್ಮವಿದೆ. ಮರದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸಿದ ಸೂರು ಅದು. ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ, ಒಳಗಿನ ತೇವವನ್ನು ಹೊರಬಿಡುತ್ತದೆ. ನಾವು ಏನು ಮಾಡುತ್ತೇವೆ? ಸುಣ್ಣ ಅರೆಯುವ ಗಾರೆಯವರು ಸಿಗುವುದಿಲ್ಲವೆಂದು ಬಿರುಕಿಗೆ ಸಿಮೆಂಟ್ ಮೆತ್ತಿಸುತ್ತೇವೆ. ಗಟ್ಟಿ ಸಿಮೆಂಟು ಮೆತ್ತನೆಯ ಸುಣ್ಣದ ಜೊತೆ ಕೂಡುವುದಿಲ್ಲ. ಮುಂದಿನ ವರ್ಷ ಅದರ ಅಂಚಿನಲ್ಲೇ ಹೊಸ ಬಿರುಕು. ಒಳಗೆ ಸಿಕ್ಕಿಕೊಂಡ ನೀರು ತೊಲೆಯನ್ನು ಕೊಳೆಸುತ್ತದೆ. ಗೋಡೆಯಲ್ಲಿ ಬೆರಳುದ್ದ ಇರುವಾಗ ಕಿತ್ತೆಸೆಯಬಹುದಾದ ಅರಳಿ ಸಸಿಯನ್ನು ಬಿಟ್ಟು, ಅದು ಗೋಡೆಯನ್ನೇ ಸೀಳಿದ ಮೇಲೆ “ಮನೆ ಹಳೇದಾಯ್ತು” ಎನ್ನುತ್ತೇವೆ.

ಇದಕ್ಕಿಂತ ಗಂಭೀರವಾದದ್ದು ವಿದ್ಯುತ್ತು. ಮರದ ಪಟ್ಟಿಯ ಮೇಲೆ ಎಳೆದ ಹಳೆಯ ವೈರಿಂಗ್, ಅರ್ಥಿಂಗ್ ಇಲ್ಲ. ಎರಡು ದೀಪ, ಒಂದು ರೇಡಿಯೋಗೆಂದು ಹಾಕಿದ ತಂತಿಯ ಮೇಲೆ ಇಂದು ಗೀಸರ್, ಫ್ರಿಜ್, ವಾಷಿಂಗ್ ಮೆಷಿನ್‌ಗಳ ಹೊರೆ. ಗೋಡೆ ತೇವವಾದಾಗ ‘ಜುಮ್’ ಎನ್ನುವ ಸ್ವಿಚ್ಚು ಮುನ್ನೆಚ್ಚರಿಕೆಯ ಗಂಟೆ. ಅದಕ್ಕೂ ನಮ್ಮ ಉತ್ತರ ‘ನಾಳೆ’ಯೇ ಆದರೆ, ಅನಾಹುತವಾದ ದಿನ ಅದನ್ನು ವಿಧಿಯ ಮೇಲೆ ಹೊರಿಸಲು ನಮಗೆ ಯಾವ ಹಕ್ಕಿದೆ?

ಈಗ ನಮ್ಮದೇ ಒಂದು ತಪ್ಪನ್ನು ಹೇಳಿಬಿಡುತ್ತೇವೆ. ಹಿಂದಿನ ಪೋರ್ಷನ್‌ನಲ್ಲಿ ಒಬ್ಬ ಟೈಲರ್ ಆರು ವರ್ಷ ಇದ್ದರು. ತಡಮಾಡದೆ ಬಾಡಿಗೆ ಕೊಡುತ್ತಿದ್ದರು. ಎರಡು ಸಲ ನಲ್ಲಿಯನ್ನೂ ಒಮ್ಮೆ ಬಾಗಿಲ ಚಿಲಕವನ್ನೂ ತಮ್ಮ ಖರ್ಚಿನಲ್ಲೇ ಬದಲಿಸಿದ್ದರು, ನಮ್ಮಿಂದ ಕೇಳಿರಲಿಲ್ಲ. ಅವರು ಖಾಲಿ ಮಾಡಿದಾಗ ನಾವು ಗೋಡೆಗಳನ್ನು ನೋಡಿ, ಕಲೆಗಳನ್ನು ತೋರಿಸಿ, ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗಿಗೆಂದು ಅಡ್ವಾನ್ಸಿನಲ್ಲಿ ಹಿಡಿದುಕೊಂಡೆವು. ಆ ಕಲೆ ಬಂದದ್ದು ನಮ್ಮ ತಾರಸಿಯ ಸೋರಿಕೆಯಿಂದ. ಅದು ನಮಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆಮೇಲೆ ಹಾಲ್‌ಗೆ ಮಾತ್ರ ಒಂದು ಕೋಟು ಡಿಸ್ಟೆಂಪರ್ ಬಳಿಸಿ, ‘ಹೊಸದಾಗಿ ಬಣ್ಣ ಹೊಡೆಸಿದ ಮನೆ’ ಎಂದು ಮುಂದಿನವರಿಗೆ ಬಾಡಿಗೆ ಏರಿಸಿದೆವು. ಬಹಳ ದಿನಗಳ ನಂತರ ಮನಸ್ಸು ಚುಚ್ಚಿ ಅವರಿಗೆ ಫೋನ್ ಮಾಡಿದಾಗ ಅವರು ನಕ್ಕು ಹೇಳಿದ್ದು ಇಷ್ಟೇ: “ಜಾನೇ ದೇವ್ ಭಾಯ್, ಸಬ್ ಲೋಗಾಂ ಕಾಟ್‌ತೇಂ.” ಹೋಗಲಿ ಬಿಡಿ, ಎಲ್ಲರೂ ಹಿಡಿದುಕೊಳ್ಳುತ್ತಾರೆ! ಹಣವನ್ನೇನೋ ಹೋಗಿ ಕೊಟ್ಟು ಬಂದೆವು. ಆದರೆ ಆ ‘ಎಲ್ಲರೂ’ ಎಂಬ ಮಾತು ನಮ್ಮನ್ನು ಇನ್ನೂ ಬಿಟ್ಟಿಲ್ಲ.

ಎಲ್ಲರೂ ಮಾಡುವುದರಿಂದ ಅದು ನ್ಯಾಯವಾಗುತ್ತದೆಯೇ? 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ ಬಾಡಿಗೆದಾರ ಮನೆಯನ್ನು ಪಡೆದಾಗ ಇದ್ದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು. ಆದರೆ ಬಳಕೆಯಿಂದಾದ ಸಹಜ ಸವೆತಕ್ಕೆ ಅವನು ಹೊಣೆಯಲ್ಲ. ಮಾಲೀಕ ತಾನು ಮಾಡಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಬಡ್ಡಿಸಮೇತ ಕಳೆದುಕೊಳ್ಳಬಹುದು. ಕೇಂದ್ರ ಸರ್ಕಾರ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಇನ್ನೂ ಸ್ಪಷ್ಟವಾಗಿದೆ. ಗೋಡೆಗೆ ಸುಣ್ಣಬಣ್ಣ, ಬಾಗಿಲು ಕಿಟಕಿಗಳಿಗೆ ಪೇಂಟು, ಪೈಪು ಬದಲಾವಣೆ, ವೈರಿಂಗ್ ಮಾಲೀಕನ ಪಾಲಿಗೆ. ನಲ್ಲಿಯ ವಾಷರ್, ಸ್ವಿಚ್ಚು, ಚಿಲಕ, ಕಿಟಕಿಯ ಗಾಜು ಬಾಡಿಗೆದಾರನ ಪಾಲಿಗೆ. ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆಯನ್ನು ಮೀರಕೂಡದು. ಹತ್ತು ತಿಂಗಳು ಕೇಳುವ ಬೆಂಗಳೂರಿಗೆ ಇದು ತಮಾಷೆಯಂತೆ ಕೇಳಿಸೀತು! ಇದು ಮಾದರಿ ಮಾತ್ರ, ರಾಜ್ಯ ತನ್ನ ಕಾಯ್ದೆಯಾಗಿ ಮಾಡಿಕೊಂಡರಷ್ಟೇ ಬಲ ಎಂಬುದು ನಿಜ. ಹಳೆಯ ಕಾಯ್ದೆಯ ಮಾತೂ ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದಾಗ ಮಾತ್ರ ಅನ್ವಯ ಎಂಬುದೂ ನಿಜ. ಆ ಸಂದಿಯಲ್ಲೇ ನಾವು ಹನ್ನೊಂದು ತಿಂಗಳ ಕರಾರುಪತ್ರದಲ್ಲಿ ‘ಖಾಲಿ ಮಾಡುವಾಗ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಕಡಿತ’ ಎಂಬ ಸಾಲನ್ನು ಸೇರಿಸುತ್ತೇವೆ. ಟೈಪಿಸ್ಟನ ಬಳಿ ಅದು ಸಿದ್ಧವಾಗಿಯೇ ಇರುತ್ತದೆ.

ಮಾಲೀಕರ ಸಮರ್ಥನೆಗಳು ನಮಗೆ ಬಾಯಿಪಾಠ. ‘ಬರುವ ಬಾಡಿಗೆ ರಿಪೇರಿಗೂ ಸಾಲದು’ ಎಂಬುದು ಮೊದಲನೆಯದು. ಒಂದು ಕಾಲದಲ್ಲಿ ಅದರಲ್ಲಿ ಸತ್ಯವಿತ್ತು. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ದಿನಗಳಲ್ಲಿ ಬಾಡಿಗೆ ಏರಿಸಲಾಗದೆ, ಮನೆ ಬಿಡಿಸಲೂ ಆಗದೆ ಎಷ್ಟೋ ಮಾಲೀಕರು ರಿಪೇರಿಯನ್ನೇ ಕೈಬಿಟ್ಟರು. ನಮ್ಮ ತಂದೆಯೂ ಆ ಸಂಕಟ ಉಂಡವರೇ. ಆದರೆ ಅದರ ಜಾಗಕ್ಕೆ ಬಂದ 1999ರ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಂದು ಜಾರಿಯಾಯಿತು. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಅದು ಅನ್ವಯಿಸುವುದೇ ಇಲ್ಲ. ಇಂದು ಚಾಮರಾಜಪೇಟೆಯಲ್ಲಿ 3,500ಕ್ಕೆ ಒಂದು ಕೋಣೆ ಸಿಕ್ಕೀತೇ? ಬಾಡಿಗೆ ಈಗ ನಾವು ಹೇಳಿದ್ದೇ ದರ. ಹಳೆಯ ಕಾಯ್ದೆಯ ಗಾಯವನ್ನು ತೋರಿಸಿ ಹೊಸ ಬಾಡಿಗೆದಾರನಿಂದ ವಸೂಲಿ ಮಾಡುವುದು ಎಲ್ಲಿಯ ನ್ಯಾಯ?

‘ಬಾಡಿಗೆಯವರು ಮನೆ ಹಾಳು ಮಾಡುತ್ತಾರೆ’ ಎಂಬುದು ಎರಡನೆಯದು. ಕೆಲವರು ಮಾಡುತ್ತಾರೆ. ಬಚ್ಚಲಿಗೆ ಅನ್ನ ಸುರಿದು ಮೋರಿ ಕಟ್ಟಿಸಿದವರನ್ನೂ, ಕೆಂಪು ಗಾರೆ ನೆಲದ ಮೇಲೆ ಗುಂಡುಕಲ್ಲು ಕುಟ್ಟಿದವರನ್ನೂ ನಾವು ಕಂಡಿದ್ದೇವೆ. ಹಾಗೆ ಮಾಡಿದವರಿಂದ ಅದರ ಖರ್ಚು ಪಡೆಯೋಣ, ರಸೀದಿ ತೋರಿಸಿ ಪಡೆಯೋಣ. ಆದರೆ ಮನೆ ಕೊಡುವಾಗಲೇ ಎಲ್ಲರಿಗೂ ದಂಡ ವಿಧಿಸಿಟ್ಟರೆ, ಜೋಪಾನವಾಗಿ ಬಾಳಿದವನಿಗೂ ಹಾಳುಮಾಡಿದವನಿಗೂ ಏನು ವ್ಯತ್ಯಾಸ ಉಳಿಯಿತು? ‘ಇಂದೋ ನಾಳೆಯೋ ಒಡೆಯುವ ಮನೆ, ಖರ್ಚು ಯಾಕೆ?’ ಎಂಬುದು ಮೂರನೆಯದು. ಒಡೆಯುವ ದಿನದವರೆಗೂ ಅದರೊಳಗೆ ಮಕ್ಕಳು ಮಲಗುತ್ತಾರೆ, ಒಡೆಯುವ ತಿಂಗಳವರೆಗೂ ನಾವು ಪೂರ್ತಿ ಬಾಡಿಗೆ ಎಣಿಸಿಕೊಳ್ಳುತ್ತೇವೆ. ಅಷ್ಟು ಉತ್ತರ ಸಾಕು.

ಇನ್ನು ನಮಗೆ ಹೇಳಲು ನಾಚಿಕೆಯಾಗುವ ಮಾತಿಗೆ ಬರೋಣ. ಸೋರುವ ಮನೆಯಲ್ಲಿ ಬಾಡಿಗೆದಾರ ಸುಮ್ಮನಿರುವುದು ಏಕೆ? ಬಿಟ್ಟು ಹೋಗಲು ಅವನಿಗೆ ಇನ್ನೊಂದು ಬಾಗಿಲಿಲ್ಲ. ಮುಸಲ್ಮಾನರಿಗೆ, ದಲಿತರಿಗೆ, ಮಾಂಸ ತಿನ್ನುವವರಿಗೆ, ಒಂಟಿ ಹೆಣ್ಣುಮಕ್ಕಳಿಗೆ ಮನೆ ಕೊಡದ ಬೀದಿಗಳು ಈ ಊರಿನಲ್ಲಿವೆ. ಹೆಸರು ಕೇಳಿದ ಕೂಡಲೇ “ಈಗಷ್ಟೇ ಬೇರೆಯವರಿಗೆ ಹೇಳಿಬಿಟ್ವಿ” ಎಂಬ ಮಾತನ್ನು ನಾವೂ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡಿದ್ದೇವೆ. ಆ ಅನ್ಯಾಯದ ವಿರುದ್ಧ ಬರೆದಿದ್ದೇವೆ, ವೇದಿಕೆಗಳಲ್ಲಿ ಮಾತನಾಡಿದ್ದೇವೆ. ಆದರೆ ಹಾಗೆ ತಿರುಗಿಸಿ ಕಳಿಸಲ್ಪಟ್ಟ ನಮ್ಮವನೇ ಕೊನೆಗೆ ನಮ್ಮ ಬಾಗಿಲಿಗೆ ಬಂದಾಗ ನಾವು ಮಾಡಿದ್ದೇನು? ಅವನಿಗೆ ಬೇರೆಡೆ ಮನೆ ಸಿಗದೆಂದು ಗೊತ್ತಿದ್ದೇ ಬಾಡಿಗೆ ಕೂಡಿಸಿ ಹೇಳಿದೆವು, ರಿಪೇರಿಯನ್ನು ಮುಂದೂಡಿದೆವು. ಹೊರಗಿನವರು ಮುಚ್ಚಿದ ಬಾಗಿಲಿನ ಲಾಭ ಒಳಗಿನವರಾದ ನಮ್ಮ ಜೇಬಿಗೆ ಬಂತು. ಕೋಮುವಾದದ ಬಗ್ಗೆ ನಮ್ಮ ಕಣ್ಣೀರು ಪ್ರಾಮಾಣಿಕವೇ ಆಗಿದ್ದರೆ, ಈ ಲಾಭವನ್ನು ಮೊದಲು ಬಿಡಬೇಕು.

ನಮ್ಮ ಮನೆಗೆ ಬರುವ ಪ್ಲಂಬರನದೂ ಇದೇ ಕತೆ. ಮಲ್ಲೇಶ್ವರ, ಬಸವನಗುಡಿಗಳ ಮನೆಗಳಲ್ಲಿ ಅವನನ್ನು ಹೆಸರು ಹಿಡಿದು ಕರೆಯುತ್ತಾರೆ. ಒಡೆದ ಪೈಪಿನ ಮುಂದೆ ಯಾರೂ ಜಾತಿ ಕೇಳುವುದಿಲ್ಲ. ಆದರೆ ಅದೇ ಬೀದಿಯಲ್ಲಿ ಅವನು ಬಾಡಿಗೆಗೆ ಮನೆ ಕೇಳಲಾರ. ಸಂಜೆ ಅವನು ಹಿಂದಿರುಗುವ, ನಮ್ಮಂಥವರೊಬ್ಬರ ಒಡೆತನದ ಕೋಣೆಯಲ್ಲಿ ಸೂರಿನಡಿ ಬಕೆಟ್ ಇಟ್ಟಿರುತ್ತದೆ. ಊರೆಲ್ಲದರ ಸೋರಿಕೆ ನಿಲ್ಲಿಸುವವನಿಗೆ ತನ್ನ ತಲೆಯ ಮೇಲಿನ ತಾರಸಿ ಮುಟ್ಟಲು ಮಾಲೀಕನ ಅಪ್ಪಣೆಯಿಲ್ಲ.

ಉರ್ದು ಶಾಲೆಯಲ್ಲಿ ನಾವು ಕಲಿತ ‘ಮರಮ್ಮತ್’ ಕನ್ನಡಕ್ಕೆ ಬಂದು ‘ಮರಾಮತ್ತು’ ಆಗಿದೆ. ‘ಅಮಾನತ್’ ಎಂಬುದೂ ಬಂದಿದೆ. ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ್ದು, ಹಾಗೆಯೇ ಹಿಂದಿರುಗಿಸಬೇಕಾದದ್ದು. ಕನ್ನಡದ ಪತ್ರಿಕೆಗಳಲ್ಲಿ ನೌಕರನನ್ನು ಕೆಲಸದಿಂದ ತಡೆಹಿಡಿದರೆ ‘ಅಮಾನತು’ ಎನ್ನುತ್ತಾರೆ. ಬಾಡಿಗೆದಾರನ ಅಡ್ವಾನ್ಸ್ ಮೊದಲನೆಯ ಅರ್ಥದಲ್ಲಿ ನಮ್ಮ ಕೈಸೇರಿ, ಎರಡನೆಯ ಅರ್ಥದಲ್ಲಿ ಅಲ್ಲಿಯೇ ಉಳಿದುಬಿಡುತ್ತದೆ. ಮಗಳ ಮದುವೆಗೋ ಮಗನ ಫೀಸಿಗೋ ಅದನ್ನು ಖರ್ಚು ಮಾಡಿರುತ್ತೇವೆ. ಖಾಲಿ ಮಾಡುತ್ತೇನೆಂದಾಗ “ಹೊಸಬರು ಬರಲಿ, ಅವರ ಅಡ್ವಾನ್ಸಲ್ಲಿ ಕೊಡ್ತೀವಿ” ಎನ್ನುತ್ತೇವೆ. ನಮ್ಮ ಫಿಕ್‌ಹ್‌ನಲ್ಲಿ ‘ಇಜಾರಾ’ದ ನಿಯಮ ಸ್ಪಷ್ಟವಿದೆ: ಬಾಡಿಗೆಗೆ ಕೊಟ್ಟದ್ದನ್ನು ಬಳಸಲು ಯೋಗ್ಯವಾಗಿ ಇಡುವ ಹೊಣೆ ಒಡೆಯನದು, ಬಾಡಿಗೆದಾರನ ಕೈಯಲ್ಲಿ ಆ ವಸ್ತು ಅಮಾನತ್, ಅವನ ಅಲಕ್ಷ್ಯವಿಲ್ಲದೆ ಹಾಳಾದರೆ ಅವನು ತೆರಬೇಕಿಲ್ಲ. ನಮಾಜಿಗೆ ಮುಂದಿನ ಸಾಲಿನಲ್ಲಿ ನಿಲ್ಲುವ ನಾವು ಕರಾರುಪತ್ರಕ್ಕೆ ಸಹಿ ಹಾಕುವಾಗ ಇದನ್ನೆಲ್ಲ ಎಲ್ಲಿ ಬಿಟ್ಟಿರುತ್ತೇವೆ?

ಪರಿಹಾರಕ್ಕೆ ಸರ್ಕಾರದ ಹೊಸ ಕಾಯ್ದೆಯವರೆಗೂ ಕಾಯಬೇಕಿಲ್ಲ. ಆ ಟೈಲರ್ ಹೋದ ಮೇಲೆ ನಾವು ನಮ್ಮ ಮೂರು ಪೋರ್ಷನ್‌ಗಳ ಕರಾರಿನಿಂದ ಪೇಂಟಿಂಗಿನ ಸಾಲನ್ನು ತೆಗೆಸಿದೆವು. ಅಡ್ವಾನ್ಸನ್ನು ಬ್ಯಾಂಕಿನಲ್ಲಿ ಬೇರೆ ಖಾತೆಯಲ್ಲಿ ಇಟ್ಟಿದ್ದೇವೆ. ಮನೆ ಕೊಡುವಾಗ ಬಾಡಿಗೆದಾರರನ್ನು ಜೊತೆಗೆ ಕರೆದುಕೊಂಡು ನಲ್ಲಿ, ಸ್ವಿಚ್ಚು, ಗೋಡೆಗಳ ಫೋಟೋ ತೆಗೆದು ಇಬ್ಬರೂ ಇಟ್ಟುಕೊಳ್ಳುತ್ತೇವೆ. ಸಣ್ಣ ರಿಪೇರಿಯಾದರೆ ಅವರೇ ಆಳು ಕರೆಸಿ, ಚೀಟಿ ಕೊಟ್ಟು, ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು. ವರ್ಷದಲ್ಲಿ ಒಂದು ತಿಂಗಳ ಬಾಡಿಗೆ ನಮ್ಮದಲ್ಲ, ಮನೆಯದು ಎಂದು ಎತ್ತಿಟ್ಟು ಅದರಲ್ಲಿ ಒಂದೊಂದೇ ಪೋರ್ಷನ್‌ನ ವೈರಿಂಗ್ ಬದಲಿಸಿದೆವು. ಒಡಹುಟ್ಟಿದವರು ಮೊದಲು ಗೊಣಗಿದರು. ಇದರಿಂದ ನಾವು ಬಡವರಾಗಲಿಲ್ಲ. ಮನೆ ಖಾಲಿ ಬಿದ್ದಿರುವ ತಿಂಗಳುಗಳು ಕಡಿಮೆಯಾದವು, ಅಷ್ಟೇ.

ಈ ಪತ್ರಿಕೆಯ ಓದುಗರಲ್ಲಿ ಬಾಡಿಗೆ ಕೊಡುವವರೂ ಇದ್ದೀರಿ, ಪಡೆಯುವವರೂ ಇದ್ದೀರಿ. ಪಡೆಯುವವರಲ್ಲಿ ನಮ್ಮ ವಿನಂತಿ: ರಿಪೇರಿ ಕೇಳುವುದು ಭಿಕ್ಷೆಯಲ್ಲ, ನಾಚಬೇಡಿ, ಬರವಣಿಗೆಯಲ್ಲಿ ಕೇಳಿ, ಅದರ ಪ್ರತಿ ಇಟ್ಟುಕೊಳ್ಳಿ. ಕೊಡುವವರಲ್ಲಿ ಒಂದೇ ಮಾತು. ಈ ಬೇಸಿಗೆಯ ಮೊದಲ ಮಳೆಗೆ ಮುಂಚೆ, ನೀವು ಬಾಡಿಗೆಗೆ ಕೊಟ್ಟ ಮನೆಯ ತಾರಸಿಗೆ ಒಮ್ಮೆ ಹತ್ತಿ. ಆಳನ್ನು ಕಳಿಸಬೇಡಿ, ನೀವೇ ಹತ್ತಿ. ಕೈಯಲ್ಲಿ ಒಂದು ಪೊರಕೆ ಇರಲಿ.