ಹಸುವಿನ ಹಾಲಿಗೆ ಬುಕ್ಕು, ಕಾರಿನ ಎಣ್ಣೆಗೆ ಬರೀ ಬಾಯಿಮಾತು

"ಎಷ್ಟು ಕೊಡುತ್ತೆ?" ನಮ್ಮ ಕಡೆ ಈ ಪ್ರಶ್ನೆಯನ್ನು ಎರಡಕ್ಕೆ ಕೇಳುತ್ತಾರೆ. ಒಂದು ಹಸುವಿಗೆ, ಇನ್ನೊಂದು ಗಾಡಿಗೆ. ಹಸುವಿನ ವಿಷಯದಲ್ಲಿ ಸುಳ್ಳು ನಡೆಯೋದಿಲ್ಲ. ಬೆಳಿಗ್ಗೆ ಸಂಜೆ ಡೈರಿಯಲ್ಲಿ ಅಳೆದು, ಫ್ಯಾಟ್ ನೋಡಿ, ಬುಕ್ಕಿಗೆ ಬರೆದು ಕೊಡುತ್ತಾರೆ. ಗಾಡಿ ವಿಷಯಕ್ಕೆ ಬಂದರೆ ಮಾತ್ರ ಬಾಯಿಗೆ ಬಂದಷ್ಟು. ಹಿರಿಯೂರಿನ ಟೀ ಅಂಗಡಿಯಲ್ಲಿ ಲೀಟರಿಗೆ ಇಪ್ಪತ್ತು ಅಂದವನು ಹೊಸದುರ್ಗ ಮುಟ್ಟುವಷ್ಟರಲ್ಲಿ ಇಪ್ಪತ್ತೆರಡು ಮಾಡಿರುತ್ತಾನೆ. ದಿನಕ್ಕೆ ನಾಲ್ಕು ಲೀಟರ್ ಹಾಲು ಕೊಡುವ ಹಸುವಿಗೆ ಬುಕ್ಕು ಇಟ್ಟಿರುವ ನಾವು, ವಾರಕ್ಕೆ ಐದಾರು ಲೀಟರ್ ಪೆಟ್ರೋಲು ಕುಡಿಯುವ ಕಾರಿಗೆ ಒಂದು ಚೀಟಿಯನ್ನೂ ಇಟ್ಟಿಲ್ಲ. ಇದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಮಳೆ ನಂಬಿ ಬದುಕುವವನಿಗೆ ಕಾರು ಯಾಕೆ ಅಂತ ಕೆಲವರು ಕೇಳಬಹುದು. ನಾನೂ ಬಹಳ ವರ್ಷ ಹಾಗೇ ಕೇಳುತ್ತಿದ್ದೆ. 2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆ ಕೋಡಿ ಬಿತ್ತು. 1933ರ ನಂತರ ಅದೇ ಮೊದಲು. ಆ ವರ್ಷವೇ ನಮ್ಮ ಹುಡುಗ ಹಟ ಹಿಡಿದು 2011ರ ಹಳೇ ಆಲ್ಟೊ ತಂದ. ತಂದಮೇಲೆ ಗೊತ್ತಾಯಿತು, ಕೆಲಸ ಬೇಕಾದಷ್ಟಿದೆ. ಬೀಜ, ಔಷಧಿ, ಸುಟ್ಟ ಮೋಟಾರು ಅಂತ ಹಿರಿಯೂರು; ಕಚೇರಿ, ಆಸ್ಪತ್ರೆಗೆ ಚಿತ್ರದುರ್ಗ; ನೆಂಟರು ಅಂತ ಹೊಸದುರ್ಗ; ಮಗಳನ್ನು ಕೊಟ್ಟಿದ್ದು ಹೊಳಲ್ಕೆರೆ. ಆದ್ದರಿಂದ ಕಾರು ಬೇಕೋ ಬೇಡವೋ ಎಂಬ ಚರ್ಚೆ ಇಲ್ಲಿ ಬೇಡ. ಇರುವವರು ಲೆಕ್ಕ ಇಡಿ ಎಂಬುದಷ್ಟೇ ನನ್ನ ವಾದ. ಬೈಕಿದ್ದರೂ ಇದೇ ಮಾತು.

ಮಾರಿದವನು ಇಪ್ಪತ್ತೆರಡು ಕೊಡುತ್ತೆ ಅಂದಿದ್ದ. 2023ರ ಜನವರಿಯಲ್ಲಿ ನಾನು ಎರಡು ರೂಲಿನ ಒಂದು ನೋಟ್‌ಬುಕ್ಕು, ದಾರ ಕಟ್ಟಿದ ಪೆನ್ನು ಕಾರಿನಲ್ಲಿಟ್ಟೆ. ನಾನು ಓದಿದ್ದು ಏಳನೇ ಕ್ಲಾಸು. ಈ ಲೆಕ್ಕಕ್ಕೆ ಅಷ್ಟೂ ಬೇಕಾಗಿಲ್ಲ, ಭಾಗಾಕಾರ ಬಂದರೆ ಸಾಕು.

ಬಂಕಿಗೆ ಹೋಗಿ ಫುಲ್ ಟ್ಯಾಂಕ್ ಮಾಡಿಸಬೇಕು. ಪೈಪು ತಾನಾಗೇ ಟಕ್ ಅಂತ ನಿಲ್ಲುತ್ತಲ್ಲ, ಅಲ್ಲಿಗೆ ಸಾಕು. "ಇನ್ನೊಂಚೂರು ಹಾಕಪ್ಪ" ಅನ್ನಬಾರದು. ಮೀಟರಿನಲ್ಲಿ ಎಷ್ಟು ಕಿಲೋಮೀಟರ್ ಆಗಿದೆ ಅಂತ ಬರೆದುಕೊಳ್ಳಬೇಕು. ಆಮೇಲೆ ಓಡಿಸಿ, ಮುಂದಿನ ಸಲ ಮತ್ತೆ ಟಕ್ ಅನ್ನುವವರೆಗೆ ತುಂಬಿಸಿದಾಗ ಎಷ್ಟು ಲೀಟರ್ ಹಿಡಿಯಿತು, ಎಷ್ಟು ಕಿ.ಮೀ. ಓಡಿತ್ತು ನೋಡಬೇಕು. ನನ್ನ ಮೊದಲ ಲೆಕ್ಕದಲ್ಲಿ ಮೀಟರು 64,318ರಿಂದ 64,690ಕ್ಕೆ ಬಂದಿತ್ತು. ಅಂದರೆ 372 ಕಿ.ಮೀ. ಹಿಡಿದದ್ದು 20.5 ಲೀಟರ್. ಭಾಗಿಸಿದರೆ 18ರ ಮೇಲೆ ಚಿಲ್ಲರೆ. ಮಾರಿದವನ ಇಪ್ಪತ್ತೆರಡು ಅಲ್ಲಿಗೆ ಮುಗಿಯಿತು. ಇಲ್ಲಿ ಬಹಳ ಜನ ಮಾಡುವ ತಪ್ಪು ಒಂದಿದೆ. ಮೊದಲ ಸಲ ತುಂಬಿಸಿದ ಲೀಟರನ್ನೂ ಲೆಕ್ಕಕ್ಕೆ ಸೇರಿಸುತ್ತಾರೆ. ಸೇರಿಸಬಾರದು. ಅದು ಅಳತೆಗೆ ಮುಂಚೆ ಸೇರಿನ ಬಾಯಿ ಸಮ ಮಾಡಿದ ಹಾಗೆ, ಅಷ್ಟೆ.

"ಅಣ್ಣ, ಫುಲ್ ಟ್ಯಾಂಕಿಗೆ ದುಡ್ಡೆಲ್ಲಿ ಐತೆ, ನಾವು ಮುನ್ನೂರು ಐನೂರು ಹಾಕ್ಸೋರು" ಅಂತ ನಮ್ಮೂರಿನ ಒಬ್ಬರು ಕೇಳಿದರು. ಸರಿಯಾದ ಪ್ರಶ್ನೆ. ಈ ಟ್ಯಾಂಕು 35 ಲೀಟರ್ ಹಿಡಿಯುತ್ತೆ, ತುಂಬಿಸಲು ಮೂರೂವರೆ ಸಾವಿರ. ಬಿತ್ತನೆ ದಿನಗಳಲ್ಲಿ ಯಾರ ಹತ್ತಿರ ಇರುತ್ತೆ? ಆದರೆ ಪ್ರತಿ ಸಲ ತುಂಬಿಸಬೇಕಾಗಿಲ್ಲ. ಕೈಯಲ್ಲಿ ದುಡ್ಡಿದ್ದಾಗ ಒಮ್ಮೆ, ಇನ್ನೊಂದು ದಿನ ದುಡ್ಡು ಬಂದಾಗ ಒಮ್ಮೆ ತುಂಬಿಸಿದರೆ ಆಯಿತು. ನಡುವೆ ಚಿಲ್ಲರೆಗೆ ಹಾಕಿಸಿದ್ದನ್ನೆಲ್ಲ ರೂಪಾಯಿಯಲ್ಲಿ ಅಲ್ಲ, ಲೀಟರಿನಲ್ಲಿ ಬರೆದುಕೊಳ್ಳಬೇಕು. ಐನೂರಕ್ಕೆ ಮೂರು ಸಲ 4.9, ಮುನ್ನೂರಕ್ಕೆ ಎರಡು ಸಲ 2.9, ಕೊನೆಗೆ ಫುಲ್ ಮಾಡಿಸಿದಾಗ 18 ಲೀಟರ್ ಹಿಡಿಯಿತು ಅನ್ನಿ. ಒಟ್ಟು 38.5. ಓಡಿದ್ದು 693 ಕಿ.ಮೀ. ಆದರೆ ಲೀಟರಿಗೆ 18 ಬಂತು. ಎಷ್ಟು ದಿನ ಬಿಟ್ಟು ತುಂಬಿಸುತ್ತೀರೋ ಅಷ್ಟು ಸರಿಯಾದ ಲೆಕ್ಕ ಸಿಗುತ್ತೆ. ಟಕ್ ಅನ್ನುವ ಜಾಗ ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಸ್ವಲ್ಪ ಹೆಚ್ಚುಕಡಿಮೆ ಆದರೂ ನಲವತ್ತು ಲೀಟರಿನಲ್ಲಿ ಅದು ಮುಳುಗಿಹೋಗುತ್ತೆ.

ರಿಸರ್ವ್ ತಿರುಗಿಸುವ ಹಳೇ ಬೈಕುಗಳಿಗೆ ಇದಕ್ಕಿಂತ ಸುಲಭದ ದಾರಿ ಇದೆ. ಗಾಡಿ ಗುಟುಗುಟು ಅಂದು ರಿಸರ್ವಿಗೆ ಬಂದ ಕೂಡಲೇ ಮೀಟರು ಬರೆದುಕೊಂಡು, ಹತ್ತಿರದ ಬಂಕಿನಲ್ಲಿ ಎರಡು ಲೀಟರ್ ಹಾಕಿಸಿ, ಗುಂಡಿಯನ್ನು ಮತ್ತೆ ಮೊದಲಿನ ಜಾಗಕ್ಕೆ ತಿರುಗಿಸಿಕೊಂಡು, ಪುನಃ ರಿಸರ್ವಿಗೆ ಬರುವವರೆಗೆ ಓಡಿಸಿ. ಎರಡರಿಂದ ಭಾಗಿಸಿ. ಗುಂಡಿ ತಿರುಗಿಸಲು ಮರೆತರೆ ಲೆಕ್ಕವೂ ಹೋಗುತ್ತೆ, ದಾರಿಯಲ್ಲಿ ತಳ್ಳಿಕೊಂಡೂ ಬರಬೇಕಾಗುತ್ತೆ. ನನಗೆ ಆಗಿದೆ.

ಮೀಟರು ಸರಿಯಿದೆಯೋ ಇಲ್ಲವೋ ಅಂತ ಅನುಮಾನ ಬಂದರೆ ಹಿರಿಯೂರು-ಚಿತ್ರದುರ್ಗ ಹೆದ್ದಾರಿಯಲ್ಲಿ ಹಳದಿ ತಲೆಯ ಕಿಲೋಮೀಟರ್ ಕಲ್ಲುಗಳಿವೆ. ಹತ್ತು ಕಲ್ಲು ದಾಟಿ ನೋಡಿ. ಬಂಕಿನ ಮೇಲೆ ಅನುಮಾನ ಬಂದರೆ, ಅಲ್ಲಿ ಮುದ್ರೆ ಹಾಕಿದ ಐದು ಲೀಟರಿನ ಅಳತೆ ಪಾತ್ರೆ ಇಟ್ಟಿರಬೇಕು ಅಂತ ನಿಯಮ ಇದೆ. ನಾವು ಕೇಳಿದರೆ ಅಳೆದು ತೋರಿಸಬೇಕು. ಐದು ಲೀಟರಿಗೆ 25 ಮಿಲಿ ಹೆಚ್ಚುಕಡಿಮೆ ಆದರೆ ತಪ್ಪಲ್ಲ, ಅದಕ್ಕಿಂತ ಕಡಿಮೆ ಬಂದರೆ ತಪ್ಪು. ನಾನು ಒಂದು ಸಲ ಕೇಳಿದ್ದೆ. ಹುಡುಗ ಮುಖ ಸಿಂಡರಿಸಿಕೊಂಡು ಅಳೆದು ತೋರಿಸಿದ, ಸರಿಯಾಗೇ ಇತ್ತು. ನಾನು ಕೇಳಿದ್ದು ನೋಡಿ ಹಿಂದೆ ನಿಂತಿದ್ದ ಟೆಂಪೋದವನೂ ಕೇಳಿದ.

ಇಷ್ಟು ಬರೆದಿಟ್ಟು ಏನು ಬಂತು ಅಂತೀರಾ? ನನಗೆ ಮಗ ಉಳಿದ.

2024ರ ಆಷಾಢದಲ್ಲಿ ಬುಕ್ಕಿನ ಲೆಕ್ಕ ಇದ್ದಕ್ಕಿದ್ದಂತೆ ಇಳಿಯಿತು. ಯಾವಾಗಲೂ ಹದಿನೆಂಟರ ಆಸುಪಾಸಿನಲ್ಲಿ ಇದ್ದದ್ದು 15.4, ಮುಂದಿನ ಸಲ 14.8. ಮೊದಲು ಗಾಳಿ ಇರಬೇಕು ಅಂದುಕೊಂಡೆ. ನಮ್ಮ ಜಿಲ್ಲೆಯ ಆಷಾಢದ ಗಾಳಿ ಗೊತ್ತಿರುವುದೇ. ಚಿತ್ರದುರ್ಗದ ಗುಡ್ಡಗಳ ಮೇಲೆ ಆ ಪಾಟಿ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ. ಹಿರಿಯೂರು ಕಡೆಯಿಂದ ಹೊಸದುರ್ಗಕ್ಕೆ ಹೋಗುವಾಗ ಪಡುವಣ ಗಾಳಿ ಎದುರಿಗೇ ಬಡಿಯುತ್ತೆ, ಕಾರು ಏದುಸಿರು ಬಿಡುತ್ತೆ. ಆದರೆ ಹಿಂದಿನ ವರ್ಷದ ಆಷಾಢದ ಪುಟ ತಿರುಗಿಸಿ ನೋಡಿದರೆ 17.4 ಇತ್ತು. ಗಾಳಿ ಕದ್ದದ್ದು ಮುಕ್ಕಾಲು ಕಿಲೋಮೀಟರ್. ಈಗ ಮೂರು ಹೋಗಿದೆ. ಹಾಗಾದರೆ ಹುಡುಗನೇ. ಸ್ನೇಹಿತರನ್ನು ಕೂರಿಸಿಕೊಂಡು ಎಲ್ಲೋ ತಿರುಗುತ್ತಿದ್ದಾನೆ ಅಂತ ತೀರ್ಮಾನ ಮಾಡಿಬಿಟ್ಟೆ. ಕೇಳಿದ್ದಕ್ಕೆ ಇಲ್ಲ ಅಂದ. ನಾನು ಒಂದು ಮಾತು ಜಾಸ್ತಿ ಆಡಿದೆ. ನಾಲ್ಕು ದಿನ ಮನೆಯಲ್ಲಿ ಅವನು ನನ್ನ ಮುಖ ನೋಡಲಿಲ್ಲ. ಮನೆಯಾಕೆ ಇಬ್ಬರಿಗೂ ಬೇರೆ ಬೇರೆ ಹೊತ್ತಿನಲ್ಲಿ ಮುದ್ದೆ ಬಡಿಸಿದಳು.

ಐದನೇ ದಿನ ಬುಕ್ಕು ಹಿಡಿದು ಕೂತಾಗ ನನಗೆ ಹೊಳೆಯಿತು. ಹುಡುಗ ಕದ್ದು ತಿರುಗಿದ್ದರೆ ಪೆಟ್ರೋಲೂ ಹೆಚ್ಚು ಹೋಗಬೇಕು, ಮೀಟರೂ ಹೆಚ್ಚು ಓಡಿರಬೇಕು. ಎರಡೂ ಏರಿದರೆ ಲೀಟರಿಗೆ ಬರುವ ಲೆಕ್ಕ ಹದಿನೆಂಟೇ ಇರಬೇಕು. ಇಲ್ಲಿ ಕಿಲೋಮೀಟರು ಎಂದಿನಷ್ಟೇ ಇತ್ತು, ಪೆಟ್ರೋಲು ಮಾತ್ರ ಹೆಚ್ಚು ಕುಡಿದಿತ್ತು. ಅಂದರೆ ತಪ್ಪು ಗಾಡಿಯದು, ಹುಡುಗನದಲ್ಲ. ಅವತ್ತೇ ಹಿರಿಯೂರಿಗೆ ಹೋಗಿ ಬಂದು ನಾಲ್ಕೂ ಚಕ್ರ ಮುಟ್ಟಿ ನೋಡಿದೆ. ಮೂರು ಬೆಚ್ಚಗಿದ್ದವು. ಹಿಂದಿನ ಎಡಗಡೆಯದು ರೊಟ್ಟಿ ಹಂಚು. ಮಳೆಗೆ ತುಕ್ಕು ಹಿಡಿದು ಹ್ಯಾಂಡ್‌ಬ್ರೇಕಿನ ಕೇಬಲ್ ಕಚ್ಚಿಕೊಂಡಿತ್ತು, ಬ್ರೇಕು ಪೂರ್ತಿ ಬಿಡುತ್ತಿರಲಿಲ್ಲ. ಎತ್ತಿನ ಕಾಲಿಗೆ ಹಗ್ಗ ಕಟ್ಟಿ ನೇಗಿಲು ಹೊಡೆದಂತೆ ಎರಡು ತಿಂಗಳು ಓಡಿಸಿದ್ದೆವು. ಮೆಕ್ಯಾನಿಕ್ ಆರುನೂರು ರೂಪಾಯಿ ತೆಗೆದುಕೊಂಡ. ಮುಂದಿನ ಸಲ ಬುಕ್ಕಿನಲ್ಲಿ 17.9 ಬಂತು. ಆ ಪುಟ ಮಗನಿಗೆ ತೋರಿಸಿದೆ. "ನೋಡ್ದೆ ಬಿಡಪ್ಪ" ಅಂದ. ಈಗ ಪೆಟ್ರೋಲು ಹಾಕಿಸಿದಾಗ ಬುಕ್ಕಿಗೆ ಬರೆಯುವುದು ಅವನೇ.

ಆದ್ದರಿಂದ ಲೀಟರಿಗೆ ಹದಿನೆಂಟೋ ಹದಿನಾರೋ ಎಂಬ ಜಂಭಕ್ಕಿಂತ, ಹೋದ ತಿಂಗಳಿಗೂ ಈ ತಿಂಗಳಿಗೂ ಏನು ವ್ಯತ್ಯಾಸ ಆಯಿತು ಅನ್ನುವುದು ಮುಖ್ಯ ಅನ್ನುತ್ತೇನೆ. ಇಳಿದರೆ ಮೊದಲು ಚಕ್ರದ ಗಾಳಿ ನೋಡಿಸಿ, ಆಮೇಲೆ ಬ್ರೇಕು, ಏರ್ ಫಿಲ್ಟರು. ನಮ್ಮ ಮಣ್ಣುರಸ್ತೆಯ ಧೂಳಿಗೆ ಫಿಲ್ಟರು ಬೇಗ ಕಟ್ಟಿಕೊಳ್ಳುತ್ತೆ. ಹೆದ್ದಾರಿಯ ವೇಗದ ಮಾತು ಬೇರೆ. ಎಣ್ಣೆ ಉಳಿತಾಯದ ಸರ್ಕಾರಿ ಸಂಸ್ಥೆ ಪಿ.ಸಿ.ಆರ್.ಎ. ಗಂಟೆಗೆ 45ರಿಂದ 55 ಕಿ.ಮೀ. ವೇಗ ಒಳ್ಳೇದು ಅಂತ ಹೇಳಿಕೊಂಡು ಬಂದಿದೆ. ನಮ್ಮ ಹುಡುಗನಿಗೆ ಅದು ಎತ್ತಿನಗಾಡಿ ವೇಗ. ತೊಂಬತ್ತರಲ್ಲಿ ಹೋಗಿ ಬಂದ ಸಲ ಬುಕ್ಕು ಹದಿನಾರೂವರೆ ತೋರಿಸಿತು, ನಾನು ಏನೂ ಹೇಳಬೇಕಾಗಲಿಲ್ಲ.

ಬುಕ್ಕಿನಲ್ಲಿ ಇನ್ನೊಂದು ಮನೆ ಗೀಟು ಹಾಕಿದ್ದೇನೆ. ಹೋದದ್ದು ಯಾಕೆ ಅಂತ: ಹೊಲ, ಮನೆ, ನೆಂಟಸ್ತನ. ಇದನ್ನು ಕೂಡಿಸಿದಾಗ ನನಗೆ ನಿಜವಾಗಿ ಗಾಬರಿಯಾಯಿತು. 2025ರಲ್ಲಿ ಒಟ್ಟು 6,240 ಕಿ.ಮೀ. ಓಡಿದೆ. ಅದರಲ್ಲಿ ಹೊಲದ ಕೆಲಸಕ್ಕೇ 2,580. ಅಂದರೆ 150 ಲೀಟರ್. ಲೆಕ್ಕ ಸುಲಭ ಆಗಲಿ ಅಂತ ಲೀಟರಿಗೆ ನೂರು ಹಿಡಿದರೂ ಹದಿನೈದು ಸಾವಿರ ರೂಪಾಯಿ. ಆ ವರ್ಷ ಈರುಳ್ಳಿ ಮತ್ತು ಶೇಂಗಾಕ್ಕೆ ಬಿದ್ದ ಖರ್ಚು ಅಂತ ನಾನು ಬರೆದಿಟ್ಟ ಹಾಳೆಯಲ್ಲಿ ಬೀಜ ಇದೆ, ಗೊಬ್ಬರ ಇದೆ, ಕಳೆ ಕೂಲಿ ಇದೆ, ಚೀಲ ಇದೆ, ಲಾರಿ ಬಾಡಿಗೆ ಇದೆ, ಕಾರಿನ ಹೆಸರೇ ಇಲ್ಲ! ಪೆಟ್ರೋಲನ್ನು ನಾವೆಲ್ಲ ಮನೆ ಖರ್ಚಿಗೆ ಸೇರಿಸಿ ಮರೆತುಬಿಡುತ್ತೇವೆ. ಆಮೇಲೆ ಈರುಳ್ಳಿಯಲ್ಲಿ ಇಷ್ಟು ಉಳಿಯಿತು ಅಂತ ಹೇಳಿಕೊಂಡು ತಿರುಗುತ್ತೇವೆ, ಕೈಯಲ್ಲಿ ಮಾತ್ರ ಇರೋದಿಲ್ಲ.

ಹಿರಿಯೂರಿಗೆ ಹೋಗಿ ಬರಲು ನಮ್ಮೂರಿನಿಂದ 48 ಕಿ.ಮೀ. ಹೆಚ್ಚುಕಡಿಮೆ 280 ರೂಪಾಯಿ ಪೆಟ್ರೋಲು. 180 ರೂಪಾಯಿಯ ಔಷಧಿ ಬಾಟಲಿಗೆ ಎಷ್ಟು ಸಲ ಹಾಗೆ ಹೋಗಿಬಂದಿದ್ದೇನೆ ಅಂತ ಬುಕ್ಕಿನಲ್ಲಿದೆ, ಇಲ್ಲಿ ಹೇಳಲು ನಾಚಿಕೆ. ಈಗ ಅಂಗಡಿ ಚೀಟಿ ಗೋಡೆಗೆ ಸಿಕ್ಕಿಸಿರುತ್ತೇವೆ. ಮೂರು ಕೆಲಸ ಸೇರುವವರೆಗೆ ಕಾರು ತೆಗೆಯುವುದಿಲ್ಲ. ಅವಸರ ಇದ್ದರೆ ಮನೆಯಾಕೆ ಸರ್ಕಾರಿ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಶುರುವಾದಾಗಿನಿಂದ ಆಕೆಗೆ ಟಿಕೆಟ್ಟಿಗೆ ದುಡ್ಡಿಲ್ಲ. ನನ್ನ ಕಾರಿಗಿಂತ ಆಕೆಯ ಆಧಾರ್ ಕಾರ್ಡು ಹೆಚ್ಚು ಮೈಲೇಜ್ ಕೊಡುತ್ತೆ.

ಕೊನೆಗೆ ಒಂದು ಅನುಮಾನ. ಬುಕ್ಕಿನ ಪ್ರಕಾರ 2023ರ ಸರಾಸರಿ 18.1. 2025ರದ್ದು 17.2. ನೂರಕ್ಕೆ ಐದು ಇಳಿದಿದೆ. ಈ ನಡುವೆ ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಹತ್ತು ಪಾಲಿನಿಂದ ಇಪ್ಪತ್ತು ಪಾಲಿಗೆ ಏರಿದೆ. ಇಪ್ಪತ್ತರ ಪೆಟ್ರೋಲು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಗಿ, 2025ರ ಹೊತ್ತಿಗೆ ಎಲ್ಲ ಕಡೆ ಅದೇ ಆಯಿತು. ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಶಕ್ತಿ ಕಡಿಮೆ. ಎಥೆನಾಲ್ ಇಲ್ಲದ ಪೆಟ್ರೋಲಿಗೆಂದು ಮಾಡಿ ಹತ್ತು ಪಾಲಿನದಕ್ಕೆ ಹೊಂದಿಸಿದ ಕಾರುಗಳಲ್ಲಿ ನೂರಕ್ಕೆ ಆರೇಳು ಇಳಿಯಬಹುದು ಎಂದು 2021ರಲ್ಲಿ ನೀತಿ ಆಯೋಗದ ವರದಿಯೇ ಅಂದಾಜು ಮಾಡಿತ್ತು. ಹಾಗಂತ ಲೀಟರಿನ ದರದಲ್ಲಿ ನಮಗೆ ಅದಕ್ಕೆ ಬೇರೆ ರಿಯಾಯಿತಿ ಏನೂ ಕಾಣಲಿಲ್ಲ.

ನಾನು ಎಥೆನಾಲಿಗೆ ವಿರೋಧಿಯಲ್ಲ. ಅದನ್ನು ಮೆಕ್ಕೆಜೋಳದಿಂದಲೂ ಮಾಡುತ್ತಾರೆ. ಹೊಳಲ್ಕೆರೆ, ಹೊಸದುರ್ಗದ ಕಡೆ ಎಷ್ಟೋ ಜನರ ಹೊಲದಲ್ಲಿ ಇರುವುದೇ ಅದು. ಜೋಳಕ್ಕೆ ಬೇಡಿಕೆ ಬಂದರೆ ಯಾರಿಗೆ ಬೇಡ? ಆದರೆ ಮಾರುವಾಗ ಜೋಳದ ಬೆಲೆ ಎಷ್ಟು, ಅದೇ ಜೋಳ ನಮ್ಮ ಟ್ಯಾಂಕಿಗೆ ವಾಪಸು ಬಂದಾಗ ಎಷ್ಟು ಕಿಲೋಮೀಟರ್ ಕಡಿಮೆ ಓಡಿಸುತ್ತೆ, ಎರಡನ್ನೂ ಅಕ್ಕಪಕ್ಕ ಬರೆದು ನೋಡುವ ಹಕ್ಕು ನಮಗಿದೆ. ನನ್ನ ಒಂದು ಬುಕ್ಕಿನಿಂದ ತೀರ್ಮಾನ ಹೇಳಲಾರೆ. ಈ ನಡುವೆ ಎರಡು ಟೈರು ಬದಲಾಗಿವೆ, ಕಾರಿಗೂ ಮೂರು ವರ್ಷ ವಯಸ್ಸು ಹೆಚ್ಚಾಗಿದೆ. 2023ರಿಂದ ಈಚೆಗೆ ಯಾರಾದರೂ ಹೀಗೆ ಬರೆದಿಟ್ಟಿದ್ದರೆ, ಕಾರಾಗಲಿ ಬೈಕಾಗಲಿ, ಯಾವ ವರ್ಷದ ಗಾಡಿ ಅನ್ನುವುದನ್ನೂ ಸೇರಿಸಿ ಪತ್ರಿಕೆಗೆ ಕಳಿಸಿಕೊಡಿ. ನನ್ನ ಬುಕ್ಕನ್ನು ಯಾರು ಕೇಳಿದರೂ ತೋರಿಸುತ್ತೇನೆ. ಎಣ್ಣೆ ಕಲೆ ಆಗಿದೆ, ಓದಲು ಬರುತ್ತೆ.