ತಾರಸಿಯ ದೀಪ, ಮೆಟ್ಟಿಲ ಕತ್ತಲೆ

ಮದ್ಯ ಮಾರುವ ಸ್ಥಳವೊಂದರ ವಿಷಯವಾಗಿ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಲೇಖನವೇ ಎಂದು ಹುಬ್ಬೇರಿಸಬಹುದಾದ ಅಧ್ಯಾಪಕ ವರ್ಗದವರಲ್ಲಿ ಮೊದಲೇ ಒಂದು ಅರಿಕೆ. ನಾನು ಬರೆಯಹೊರಟಿರುವುದು ಪಾನದ ಮಾತನ್ನಲ್ಲ, ದೀಪದ ಮಾತನ್ನು. ಕಳೆದ ಬೇಸಗೆಯ ರಜೆಯಲ್ಲಿ, ಬೆಂಗಳೂರಿನಲ್ಲಿ ವೈರಿಂಗ್ ಕೆಲಸ ಮಾಡುವ ನನ್ನ ಸೋದರಮಾವನಿಗೆ ಏಣಿ ಹಿಡಿಯಲು ಹೋಗಿದ್ದೆ. ನಾಲ್ಕಂತಸ್ತಿನ ಕಟ್ಟಡವೊಂದರ ತಾರಸಿಯ ಮೇಲೆ ಹೊಸದಾಗಿ ತೆರೆಯಲಿದ್ದ ಬಾರಿನ ಕೆಲಸ ಅದು. ದೀಪಕ್ಕಾಗಿ ಹಣವನ್ನು ಹೇಗೆ ಹಂಚಬೇಕು, ಹೇಗೆ ಹಂಚಬಾರದು ಎಂಬ ಪಾಠ ನನಗೆ ಅಲ್ಲಿ ದೊರೆಯಿತು. ಅದನ್ನು ಸಹಪಾಠಿಗಳ ಮುಂದಿಡುವುದು ಅಪ್ರಸ್ತುತವಾಗಲಾರದೆಂದು ಭಾವಿಸುತ್ತೇನೆ.

ಯಜಮಾನರು ಮೊದಲ ದಿನವೇ ಆಡಿದ ಮಾತು: "ಮೇಸ್ತ್ರಿ, ಮೈಸೂರು ಅರಮನೆ ಥರಾ ಝಗಮಗ ಅನ್ನಬೇಕು." ಅರಮನೆಯ ದೀಪಾಲಂಕಾರವನ್ನು ಮೆಚ್ಚದ ಕನ್ನಡಿಗನಿಲ್ಲ. ಆದರೆ ಲಕ್ಷಕ್ಕೆ ಹತ್ತಿರವಾದ ಆ ಬಲ್ಬುಗಳನ್ನು ಜನ ಹೊರಗಿನ ಬಯಲಲ್ಲಿ, ದೂರದಲ್ಲಿ ನಿಂತು ನೋಡುತ್ತಾರೆ. ಅವು ಉರಿಯುವುದೂ ಭಾನುವಾರ, ಹಬ್ಬದ ಸಂಜೆಗಳಲ್ಲಿ ಸ್ವಲ್ಪ ಹೊತ್ತು ಮಾತ್ರ. ತಾರಸಿಯಲ್ಲಿ ಕುಳಿತವನು ದೀಪದ ನಡುವೆಯೇ ನಾಲ್ಕು ಗಂಟೆ ಕುಳಿತಿರುತ್ತಾನೆ. ಅವನಿಗೆ ಬೇಕಾದದ್ದು ಎದುರಿಗಿರುವ ಸ್ನೇಹಿತನ ಮುಖ, ಮೇಜಿನ ಮೇಲಿನ ತಟ್ಟೆ, ತಲೆಯ ಮೇಲಿನ ಒಂದಿಷ್ಟು ಆಕಾಶ. ಕಣ್ಣಿಗೆ ನೇರವಾಗಿ ಹೊಡೆಯುವ ಬಿಳಿ ಬೆಳಕು ಈ ಮೂರನ್ನೂ ಕೆಡಿಸುತ್ತದೆ. 6500 ಕೆಲ್ವಿನ್ನಿನ ನೀಲಿಬಿಳಿ ದೀಪದ ಕೆಳಗೆ ಯಾರ ಮುಖವೂ ಆಸ್ಪತ್ರೆಯಿಂದ ಈಗತಾನೇ ಬಂದಂತೆ ತೋರುತ್ತದೆ. 2700 ಕೆಲ್ವಿನ್ನಿನ ಹಳದಿ ಬೆಳಕು ಸೀಮೆಎಣ್ಣೆ ದೀಪದ ಕಾಲದ ಸೌಮ್ಯತೆಯನ್ನು ನೆನಪಿಸುತ್ತದೆ. ಅದಕ್ಕೆ ಮುತ್ತುವ ಹುಳುಗಳೂ ಕಡಿಮೆ. ಬೆಳಕನ್ನು ಕೆಳಮುಖವಾಗಿ, ಮರೆಮಾಡಿ ಕೂರಿಸಿದರೆ ಪಕ್ಕದ ಮನೆಯವರಿಗೂ ನಿದ್ದೆ ಬಂದೀತು.

ಇನ್ನು ಖರ್ಚಿನ ಮಾತು. ಯಜಮಾನರಿಗೆ ಹಳೆಯ ಕಾಲದ 60 ವ್ಯಾಟಿನ ತಂತಿಬಲ್ಬುಗಳ ಮೇಲೆ ಮೋಹ. ಮಾವ ಸಿಮೆಂಟ್ ಚೀಲದ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದ. ಅಂಥ 40 ಬಲ್ಬುಗಳು ರಾತ್ರಿಗೆ 6 ಗಂಟೆ ಉರಿದರೆ 14.4 ಯೂನಿಟ್, ತಿಂಗಳಿಗೆ 432 ಯೂನಿಟ್. ಹೆಚ್ಚುಕಡಿಮೆ ಅಷ್ಟೇ ಬೆಳಕು ಕೊಡುವ 9 ವ್ಯಾಟಿನ ಎಲ್‌ಇಡಿ ಹಾಕಿದರೆ ತಿಂಗಳಿಗೆ 65 ಯೂನಿಟ್ಟೂ ಆಗದು. ಲೆಕ್ಕದ ಅನುಕೂಲಕ್ಕೆ ಯೂನಿಟ್ಟಿಗೆ 10 ರೂಪಾಯಿ ಎಂದಿಟ್ಟುಕೊಂಡರೆ, ಒಂದು ಕಡೆ 4320 ರೂಪಾಯಿ, ಇನ್ನೊಂದು ಕಡೆ 648. ದೀಪದ ಬೆಲೆಯೆಂದರೆ ಅಂಗಡಿಯಲ್ಲಿ ಕೊಟ್ಟ ಬೆಲೆ ಮಾತ್ರವಲ್ಲ, ಅದು ಉರಿದಷ್ಟು ದಿನ ಕೊಡಬೇಕಾದ ಬೆಲೆಯೂ ಹೌದು. ಈ ಮಾತು ಯಜಮಾನರಿಗೆ ಹಿಡಿಸಿತು.

ಹಿಡಿಸದೆ ಹೋದದ್ದು ಕಣ್ಣಿಗೆ ಕಾಣದ ಸಾಮಾನಿನ ಬೆಲೆ. ತಾರಸಿಯೆಂದರೆ ಮಳೆ, ಬಿಸಿಲು, ಗಾಳಿ ಮೂರಕ್ಕೂ ತೆರೆದ ಜಾಗ. ಅಲ್ಲಿ ಧೂಳೂ ನೀರಿನ ಎರಚಲೂ ಒಳಹೋಗದ, ಐಪಿ 65 ಎಂಬ ಗುರುತಿನ ದೀಪಗಳೇ ಬೇಕು. ದೀಪದ ಸರವನ್ನು ವೈರಿನ ಮೇಲೆಯೇ ಜೋತುಬಿಡದೆ ಉಕ್ಕಿನ ತಂತಿಹಗ್ಗ ಎಳೆದು ಅದಕ್ಕೆ ಕಟ್ಟಬೇಕು. ಭೂಸಂಪರ್ಕ ಸರಿಯಿರಬೇಕು, ವಿದ್ಯುತ್ತು ಸೋರಿದ ಕ್ಷಣವೇ ಸಂಪರ್ಕ ಕಡಿಯುವ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಬೇಕು. ಕಾಂಕ್ರೀಟಿನೊಳಗೆ ಒಂದೆರಡು ಖಾಲಿ ಪೈಪುಗಳನ್ನೂ ಹುದುಗಿಸಿಟ್ಟರೆ ಮುಂದೆ ಗೋಡೆ ಒಡೆಯುವುದು ತಪ್ಪುತ್ತದೆ. ಬಲ್ಬನ್ನು ನಾಳೆ ಬದಲಾಯಿಸಬಹುದು; ಗಾರೆಯೊಳಗೆ ಹೋದ ವೈರನ್ನು ಬದಲಾಯಿಸುವುದು ಸುಲಭವಲ್ಲ. ಆದ್ದರಿಂದ ಹಣ ಮೊದಲು ವೈರಿಗೆ, ಕೊನೆಗೆ ಬಲ್ಬಿಗೆ ಎಂಬುದು ಮಾವನ ಸೂತ್ರ. ಗಿರಾಕಿಗಳೆಲ್ಲರ ಸೂತ್ರ ಇದಕ್ಕೆ ತಿರುಗುಮುರುಗು.

ಬಾಗಿಲಲ್ಲಿ ತೂಗುಹಾಕಲು ಯಜಮಾನರು ದೊಡ್ಡ ಗೊಂಚಲು ದೀಪವೊಂದನ್ನು ನೋಡಿ ಬಂದರು. ಅದಕ್ಕೆ ಹಣ ಹೊಂದಿಸಲು ಪಟ್ಟಿಯಲ್ಲಿ ಏನನ್ನಾದರೂ ಹೊಡೆಯಬೇಕಾಯಿತು. ಹೊಡೆದದ್ದು ಹಿಂಬದಿ ಮೆಟ್ಟಿಲಿನ ಮೂರು ಪಾಯಿಂಟುಗಳನ್ನು.

"ಸಾರ್, ಮೆಟ್ಟಿಲಿಗೆ ದೀಪ ಬೇಕೇ ಬೇಕು," ಎಂದ ಮಾವ.

"ಗಿರಾಕಿಗಳು ಲಿಫ್ಟಲ್ಲಿ ಬರ್ತಾರೆ ಮೇಸ್ತ್ರಿ. ಅಲ್ಲಿ ಓಡಾಡೋದು ನಮ್ಮ ಹುಡುಗರು ತಾನೇ?"

ಮಾವ ಸುಮ್ಮನಾದ. ಅವನು ಹಟ ಹಿಡಿಯಬೇಕಾಗಿತ್ತೆಂದು ಈಗ ಕುಳಿತು ಬರೆಯುವುದು ಸುಲಭ. ಏಣಿ ಹಿಡಿದಿದ್ದ ನಾನೂ ಅಂದು ತುಟಿ ಬಿಚ್ಚಲಿಲ್ಲ. ಬಾರು ತೆರೆದ ಎರಡನೆಯ ವಾರ, ಮೊದಲ ಮಳೆಯ ರಾತ್ರಿ, ಗಾಜಿನ ಲೋಟಗಳ ಟ್ರೇ ಹಿಡಿದು ಇಳಿಯುತ್ತಿದ್ದ ಹುಡುಗ ಆ ಮೆಟ್ಟಿಲಿನಲ್ಲಿ ಜಾರಿದ. ಅಂಗೈಗೆ 7 ಹೊಲಿಗೆ. ಅವನು ನನಗಿಂತ ಒಂದು ವರ್ಷ ಚಿಕ್ಕವನು; ಓದು ನಿಲ್ಲಿಸಿ ಬಂದಿದ್ದವನು. ಮರುದಿನ ಮಾವ ಹೋಗಿ ಮೂರು ದೀಪ ಹಾಕಿ ಬಂದ. ಸಾಮಾನಿಗೆ ತಗುಲಿದ್ದು ಒಂದೂವರೆ ಸಾವಿರಕ್ಕೂ ಕಡಿಮೆ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಕೆಲಸದ ನಡುವೆ ಬಾಯಿಮಾತಿನಲ್ಲಿ ಹೇಳಿ ಹಾಕಿಸಿಕೊಂಡ ಹೆಚ್ಚಿನ ಪಾಯಿಂಟುಗಳು ಕೊಟೇಷನ್ನಿನಲ್ಲಿ ಇರಲಿಲ್ಲವೆಂದು ಯಜಮಾನರು 18 ಸಾವಿರ ರೂಪಾಯಿ ಹಿಡಿದುಕೊಂಡರು. ಅದರಲ್ಲಿ ನನ್ನ ಕೂಲಿಯೂ ಇತ್ತು. ಈ ವರ್ಷದ ಶುಲ್ಕಕ್ಕೆ ಅಮ್ಮ ಕೈಸಾಲ ಮಾಡಬೇಕಾಯಿತು. ಯಜಮಾನರು ಕೆಟ್ಟವರೆಂದು ಹೇಳಲಾರೆ. ಗೊಂಚಲು ದೀಪದವನಿಗೆ ಅವರು ಮುಂಗಡವಾಗಿಯೇ ಪೂರ್ತಿ ಹಣ ಕೊಟ್ಟುಬಿಟ್ಟಿದ್ದರು, ಅಷ್ಟೇ. ಪ್ರತಿ ಪಾಯಿಂಟನ್ನೂ ಬರೆದಿಟ್ಟು, ಹೆಚ್ಚಿನ ಕೆಲಸಕ್ಕೆ ಅಂದೇ ಸಹಿ ಪಡೆದು, ಕೊನೆಯ ಕಂತನ್ನು ಒಂದು ಮಳೆ ಬಿದ್ದು ಎಲ್ಲವೂ ಸರಿಯಿದೆಯೆಂದು ಕಂಡ ಮೇಲೆ ಕೊಡುವುದೆಂದು ಗೊತ್ತುಮಾಡಿಕೊಂಡಿದ್ದರೆ ಇಬ್ಬರಿಗೂ ನ್ಯಾಯವಾಗುತ್ತಿತ್ತು.

ಇದೊಂದು ಮೆಟ್ಟಿಲಿನ ಸಣ್ಣ ಸಂಗತಿಯೆಂದು ಯಾರೂ ತಳ್ಳಿಹಾಕಬಾರದು. ಮುಂಬಯಿಯ ಕಮಲಾ ಮಿಲ್ಸ್ ಆವರಣದಲ್ಲಿ 2017ರ ಡಿಸೆಂಬರ್ 29ರಂದು, ನಡುರಾತ್ರಿ ಕಳೆದ ಮೇಲೆ, ತಾರಸಿಯ ಮೇಲಿನ ಪಾನಗೃಹಕ್ಕೆ ಬೆಂಕಿ ಬಿದ್ದು 14 ಮಂದಿ ಸತ್ತರು. ದೀಪವೇ ಅದಕ್ಕೆ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಹೊಗೆ ತುಂಬಿ ವಿದ್ಯುತ್ತು ಹೋದ ಗಳಿಗೆಯಲ್ಲಿ ಮನುಷ್ಯನಿಗೆ ಬೇಕಾಗುವುದು ಗೊಂಚಲು ದೀಪವಲ್ಲ, ಬ್ಯಾಟರಿಯ ಮೇಲೆ ಉರಿಯುತ್ತ ಹೊರದಾರಿ ತೋರುವ ಪುಟ್ಟ ದೀಪ. ಅಂಥ ಗಳಿಗೆಯಲ್ಲಿ ಗಿರಾಕಿಯೂ ಲಿಫ್ಟನ್ನು ಬಿಟ್ಟು ಹುಡುಗರ ಮೆಟ್ಟಿಲಿಗೇ ಬರಬೇಕು.

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನಲ್ಲಿ ದೀಪ ಹತ್ತಿದ್ದು 1905ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ನಮ್ಮಲ್ಲಿ ಬೆಳಕು ಬೆಳೆದಿದೆ. ಅದನ್ನು ಹಂಚುವ ವಿವೇಕವೂ ಜೊತೆಗೆ ಬೆಳೆಯಬೇಕು. ದೀಪದ ಹಣದಲ್ಲಿ ಮೊದಲ ಪಾಲು ನಡೆಯುವ ಕಾಲಿಗೆ, ಎರಡನೆಯದು ದುಡಿಯುವ ಕೈಗೆ, ಉಳಿದದ್ದು ನೋಡುವ ಕಣ್ಣಿಗೆ ಎಂಬುದು ನನ್ನ ಅಭಿಪ್ರಾಯ. ಅಲಂಕಾರ ಬೇಡವೆಂದು ನನ್ನ ವಾದವಲ್ಲ. ಅದರ ಸರದಿ ಕೊನೆಯದು ಎಂಬುದಷ್ಟೇ.

ಬಾರಿನ ಯಜಮಾನರನ್ನು ಇಷ್ಟೆಲ್ಲ ಅಂದ ಮೇಲೆ ನಮ್ಮ ಮನೆಯ ದೀಪವನ್ನೂ ನೋಡಿಕೊಳ್ಳಬೇಕಲ್ಲವೆ? ವಾರ್ಷಿಕೋತ್ಸವಕ್ಕೆ ನಮ್ಮ ವಿದ್ಯಾರ್ಥಿ ಸಂಘ ಪ್ರತಿ ವರ್ಷವೂ ಸೀರಿಯಲ್ ಸೆಟ್ಟುಗಳನ್ನು ಬಾಡಿಗೆಗೆ ತಂದು ಕಾಲೇಜಿನ ಮುಂಭಾಗವನ್ನೆಲ್ಲ ಬೆಳಗಿಸುತ್ತದೆ. ಅದೇ ಸಂಜೆ ಅಭಿನಯ ಮುಗಿಸಿ ಬಣ್ಣ ಅಳಿಸಿಕೊಳ್ಳಲು ಹೊರಟ ಸಹೋದರಿಯರು ಹಿಂದಿನ ಮೆಟ್ಟಿಲುಗಳನ್ನು ಮೊಬೈಲಿನ ಬೆಳಕಿನಲ್ಲಿ ಇಳಿಯುತ್ತಾರೆ. ಈ ಸಲ ಎರಡು ಸರ ಕಡಿಮೆ ತರೋಣ. ಆ ಹಣದಲ್ಲಿ ಅಲ್ಲಿಗೆ ಒಂದು ದೀಪ ಹಾಕಿಸೋಣ. ಸಂಘದವರು ಸಾಮಾನು ಕೊಡಿಸಿದರೆ ಸಾಕು. ಪರವಾನಗಿಯುಳ್ಳ ನನ್ನ ಮಾವ ಕೂಲಿಯಿಲ್ಲದೆ ಬಂದು ಹಾಕಿಕೊಡಲು ಒಪ್ಪಿದ್ದಾನೆ. ಏಣಿ ಹಿಡಿಯಲು ನಾನಿದ್ದೇನೆ.

— ತೃತೀಯ ಬಿ.ಎ. ವಿದ್ಯಾರ್ಥಿ