ಸ್ಟಾರ್ ಇಲ್ಲದ ಹುಡುಗರ ಕೈಗೆ ಕಪ್: ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಹೆಸರು ದೊಡ್ಡದಾ, ಅನುಭವ ದೊಡ್ಡದಾ?

ಮಂಗಳವಾರ ಬೆಳಿಗ್ಗೆ ಆರು ಗಂಟೆ ಸುಮಾರು. ನಮ್ಮಲ್ಲಿ ಜನ ಡೇರಿಗೆ ಹಾಲು ಹಾಕೋಕೆ ನಿಂತಿದ್ದ ಹೊತ್ತು. ಅಮೆರಿಕದ ಮಯಾಮಿಯಲ್ಲಿ ಆಗ ಇನ್ನೂ ಸೋಮವಾರ, ಜನವರಿ 19ರ ರಾತ್ರಿ. ಅಲ್ಲಿ ಶುರುವಾದದ್ದು ಕಾಲೇಜು ಫುಟ್‌ಬಾಲ್‌ನ ರಾಷ್ಟ್ರೀಯ ಫೈನಲ್. ಮುಗಿದಾಗ ಇಂಡಿಯಾನಾ ವಿಶ್ವವಿದ್ಯಾಲಯ 27, ಮಯಾಮಿ ವಿಶ್ವವಿದ್ಯಾಲಯ 21. ಇಂಡಿಯಾನಾ ಈ ಸಲ ಆಡಿದ್ದು 16 ಪಂದ್ಯ, ಗೆದ್ದಿದ್ದೂ 16. ಆ ತಂಡಕ್ಕೆ ಇದೇ ಮೊದಲ ರಾಷ್ಟ್ರೀಯ ಪ್ರಶಸ್ತಿ.

ಇದಕ್ಕೂ ನಮ್ಮ ಜಿಲ್ಲೆಗೂ ಏನಪ್ಪಾ ಸಂಬಂಧ ಅಂತ ಕೇಳ್ತೀರಿ. ದೊಡ್ಡ ಸಂಬಂಧವೇನೂ ಇಲ್ಲ. ನನ್ನ ಜೊತೆ ಪಿಯುಸಿ ಓದಿದ ಗೆಳೆಯನೊಬ್ಬ ಇಂಡಿಯಾನಾದ ಬ್ಲೂಮಿಂಗ್ಟನ್‌ನಲ್ಲಿ ಎಂಎಸ್ ಮಾಡ್ತಿದ್ದಾನೆ. ಪಂದ್ಯ ಮುಗಿದ ಮೇಲೆ ಅವನಿಂದ ವಾಯ್ಸ್ ಮೆಸೇಜ್ ಬಂತು. "ಲೋ, ಇಲ್ಲಿ ಊರ ಹಬ್ಬದ ಥರ ಆಗಿದೆ ಕಣೋ. ಈ ತಂಡದ ಹುಡುಗರನ್ನ ಹೈಸ್ಕೂಲ್‌ನಲ್ಲಿ ಯಾವ ದೊಡ್ಡ ಕಾಲೇಜೂ ಕೇಳಿರಲಿಲ್ವಂತೆ." ಆ ಎರಡನೇ ಮಾತು ನನ್ನನ್ನ ಹಿಡ್ಕೊಂಡಿತು. ಆಮೇಲೆ ಒಂದಿಷ್ಟು ಓದಿ, ನೋಡಿ, ಇದನ್ನ ಬರೀತಿದ್ದೀನಿ.

ಮೊದಲು ಆಟದ ಬಗ್ಗೆ ಎರಡು ಮಾತು. ಇದು ನಾವು ಮೈದಾನದಲ್ಲಿ ಆಡೋ ಫುಟ್‌ಬಾಲ್ ಅಲ್ಲ. ಚೆಂಡು ಉದ್ದುದ್ದ, ಎರಡೂ ಕಡೆ ಚೂಪು. ಕೈಯಲ್ಲಿ ಹಿಡಿದು ಓಡ್ತಾರೆ, ಎಸೀತಾರೆ, ಎದುರಿನವರು ಹಿಡಿದು ಕೆಡವ್ತಾರೆ. ತಂಡದ ಆಟ ನಡೆಸೋನು ಕ್ವಾರ್ಟರ್‌ಬ್ಯಾಕ್. ಕಾಲೇಜು ಆಟ ಅಂದ್ರೆ ನಮ್ಮಲ್ಲಿನ ಅಂತರ ಕಾಲೇಜು ಕ್ರೀಡಾಕೂಟದ ಥರ ಖಾಲಿ ಗ್ಯಾಲರಿ ಅಂದ್ಕೋಬೇಡಿ. ಮಿಷಿಗನ್ ವಿಶ್ವವಿದ್ಯಾಲಯದ ಒಂದೇ ಸ್ಟೇಡಿಯಂನಲ್ಲಿ ಒಂದು ಲಕ್ಷ ಏಳು ಸಾವಿರ ಜನ ಕೂರ್ತಾರೆ.

ಈ ಆಟದಲ್ಲಿ ಹುಡುಗನ ಹೆಸರು ಮೀಸೆ ಚಿಗುರೋ ಹೊತ್ತಿಗೇ ನಿಗದಿಯಾಗುತ್ತೆ. ಹೈಸ್ಕೂಲ್ ಹುಡುಗರಿಗೆ ಸ್ಟಾರ್ ಕೊಡೋ ವೆಬ್‌ಸೈಟ್‌ಗಳೇ ಇವೆ. ಐದು ಸ್ಟಾರ್ ಸಿಕ್ಕಿದ್ರೆ ದೇಶದ ಆಯ್ದ ಕೆಲವರಲ್ಲಿ ಒಬ್ಬ. ಎರಡೇ ಸ್ಟಾರ್ ಅಂದ್ರೆ ದೊಡ್ಡ ಕೋಚ್‌ಗಳು ಫೋನ್ ಕೂಡ ಎತ್ತಲ್ಲ. ಎತ್ತರ, ತೂಕ, ಓಟದ ವೇಗ, ಒಂದಷ್ಟು ವಿಡಿಯೋ, ಇಷ್ಟು ನೋಡಿ 17 ವರ್ಷದ ಹುಡುಗನ ಮೇಲೆ ಚೀಟಿ ಅಂಟಿಸ್ತಾರೆ. ಆ ಚೀಟಿ ಕೀಳೋದು ಕಷ್ಟ.

ಇಂಡಿಯಾನಾ ತಂಡದಲ್ಲಿ ಐದು ಸ್ಟಾರ್‌ನವನು ಒಬ್ಬನೂ ಇರಲಿಲ್ಲ. ನಾಲ್ಕು ಸ್ಟಾರ್‌ನವರೂ ಬೆರಳೆಣಿಕೆ.

ಕೋಚ್ ಕರ್ಟ್ ಸಿಗ್ನೆಟ್ಟಿ, ಫೈನಲ್ ಹೊತ್ತಿಗೆ ವಯಸ್ಸು 64. ಇವರು ಒಂದು ಕಾಲಕ್ಕೆ ಅಲಬಾಮಾ ತಂಡಕ್ಕೆ ಹೈಸ್ಕೂಲ್ ಹುಡುಗರನ್ನ ಆರಿಸಿ ತರೋ ಕೆಲಸ ಮಾಡ್ತಿದ್ದವರು. ಅಂದ್ರೆ ಸ್ಟಾರ್ ವ್ಯವಹಾರದ ಒಳಹೊರಗು ಗೊತ್ತಿರೋರು. ಆಮೇಲೆ ಸಣ್ಣಪುಟ್ಟ ಕಾಲೇಜುಗಳಲ್ಲಿ ಕೋಚ್ ಆಗಿ ಗೆದ್ದು, 2023ರ ಕೊನೆಗೆ ಇಂಡಿಯಾನಾಗೆ ಬಂದರು. ಆ ವರ್ಷ ಇಂಡಿಯಾನಾ 3 ಗೆದ್ದು 9 ಸೋತಿತ್ತು. ಬರುವಾಗ ತಮ್ಮ ಹಳೇ ಕಾಲೇಜು ಜೇಮ್ಸ್ ಮ್ಯಾಡಿಸನ್‌ನಿಂದ ಹದಿಮೂರು ಆಟಗಾರರು ಅವರ ಹಿಂದೆ ಬಂದರು. ಮರು ವರ್ಷವೇ 11 ಗೆಲುವು, 2 ಸೋಲು. ಅವರು ಹುಡುಕೋದು ಇಷ್ಟೇ: ಹುಡುಗ ಮುಂದೆ ಏನಾಗಬಹುದು ಅನ್ನೋದಲ್ಲ, ಈಗಾಗಲೇ ಮೈದಾನದಲ್ಲಿ ಏನು ಮಾಡಿ ತೋರಿಸಿದ್ದಾನೆ ಅನ್ನೋದು.

ಆ ಹದಿಮೂರರಲ್ಲಿ ಒಬ್ಬ ಎಲೈಜಾ ಸರಾಟ್. ಪೆನ್ಸಿಲ್ವೇನಿಯಾದ ಸೇಂಟ್ ಫ್ರಾನ್ಸಿಸ್ ಅನ್ನೋ ಸಣ್ಣ ಕಾಲೇಜಿಂದ ಜೇಮ್ಸ್ ಮ್ಯಾಡಿಸನ್, ಅಲ್ಲಿಂದ ಇಂಡಿಯಾನಾ. ಇನ್ನೊಬ್ಬ ಮಿಕೈಲ್ ಕಮಾರಾ. ಫೈನಲ್‌ನಲ್ಲಿ ಮಯಾಮಿಯವರು ಒದ್ದ ಚೆಂಡನ್ನ ಅಡ್ಡಹಾಕಿ ತಡೆದ, ಅದರಿಂದಲೇ ಇಂಡಿಯಾನಾಗೆ ಒಂದು ಟಚ್‌ಡೌನ್ ಬಂತು. ಕ್ವಾರ್ಟರ್‌ಬ್ಯಾಕ್ ಫರ್ನಾಂಡೊ ಮೆಂಡೋಜಾ ಹೈಸ್ಕೂಲ್ ಮುಗಿಸೋವಾಗ ಯೇಲ್‌ಗೆ ಹೋಗೋಕೆ ಒಪ್ಪಿಕೊಂಡಿದ್ದ. ಫುಟ್‌ಬಾಲ್‌ನಲ್ಲಿ ಈಗ ಅದು ದೊಡ್ಡ ಜಾಗವೇನಲ್ಲ. ಕೊನೆಗೆ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಕರೀತು. ಅಲ್ಲಿ ಎರಡು ಸೀಸನ್ ಆಡಿ, ಏಟು ತಿಂದು, ಮೂರೇ ವರ್ಷಕ್ಕೆ ಡಿಗ್ರಿನೂ ಮುಗಿಸಿ, ಇಂಡಿಯಾನಾಗೆ ಬಂದ. ಡಿಸೆಂಬರ್‌ನಲ್ಲಿ ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡೋ ಹೈಸ್ಮನ್ ಪ್ರಶಸ್ತಿ ಅವನಿಗೇ ಬಂತು. (ಡಿಗ್ರಿ ಎರಡನೇ ವರ್ಷಕ್ಕೇ ಬಿಟ್ಟ ನನ್ನಂಥೋನು ಇದನ್ನ ಬರೆಯೋವಾಗ ಸ್ವಲ್ಪ ಮುಜುಗರ ಆಗುತ್ತೆ.)

ಹೆಸರಿನ ಭಾರ

ಈಗ ಇನ್ನೊಂದು ಕಡೆ ನೋಡಿ. ಟೆಕ್ಸಸ್ ತಂಡದ ಆರ್ಚ್ ಮ್ಯಾನಿಂಗ್. ತಾತ ಆರ್ಚಿ, ಚಿಕ್ಕಪ್ಪಂದಿರು ಪೇಟನ್, ಈಲೈ, ಎಲ್ಲರೂ ಎನ್‌ಎಫ್‌ಎಲ್ ಕ್ವಾರ್ಟರ್‌ಬ್ಯಾಕ್‌ಗಳು. ನಮ್ಮಲ್ಲಿ ರಾಜಕಾರಣಿ ಮೊಮ್ಮಗ ನಾಮಪತ್ರ ಹಾಕೋ ಮೊದಲೇ ಮಂತ್ರಿ ಅಂತ ಫ್ಲೆಕ್ಸ್ ಬೀಳುತ್ತಲ್ಲ, ಹಂಗೆ. ಹುಡುಗ ಎರಡು ವರ್ಷ ಹೆಚ್ಚಾಗಿ ಬೆಂಚಲ್ಲೇ ಕೂತಿದ್ದ. ಆದ್ರೂ 2025ರ ಸೀಸನ್ ಶುರುವಾಗೋ ಮುಂಚೆ ಹೈಸ್ಮನ್ ಅವನಿಗೇ ಅಂತ ಮಾತು, ಟೆಕ್ಸಸ್‌ಗೆ ಪತ್ರಕರ್ತರ ಪಟ್ಟಿಯಲ್ಲಿ ನಂಬರ್ ಒನ್ ಸ್ಥಾನ. ಮೊದಲ ಪಂದ್ಯದಲ್ಲೇ ಒಹಾಯೊ ಸ್ಟೇಟ್ ಎದುರು 14-7 ಸೋಲು. ಕೊನೆಗೆ ಹನ್ನೆರಡು ತಂಡಗಳ ಪ್ಲೇಆಫ್‌ಗೂ ಬರಲಿಲ್ಲ.

ಹುಡುಗನನ್ನ ಬೈಯೋದು ಸುಲಭ. ನನಗನ್ನಿಸೋದು ಬೇರೆ. ಸೀಸನ್ ಮುಂದುವರಿದಂತೆ ಅವನ ಆಟ ಸುಧಾರಿಸ್ತಾ ಹೋಯ್ತು. ಅವನಿಗೆ ಬೇಕಿದ್ದದ್ದು ಆಡೋ ಅವಕಾಶ, ತಪ್ಪು ಮಾಡೋ ಅವಕಾಶ. ಮನೆತನದ ಹೆಸರು ಸಾಮಾನ್ಯ ಹುಡುಗನಿಗೆ ಸಿಗೋ ಆ ಸಣ್ಣ ರಿಯಾಯಿತಿಯನ್ನೂ ಕಿತ್ಕೊಂಡಿತ್ತು.

ಅನುಭವ ಅಂದ್ರೆ ಇಲ್ಲಿ ಏನು? ಕ್ವಾರ್ಟರ್‌ಬ್ಯಾಕ್ ಕೈಗೆ ಚೆಂಡು ಬಂದ ಮೇಲೆ ಎರಡು-ಮೂರು ಸೆಕೆಂಡ್ ಇರುತ್ತೆ. ಅಷ್ಟರಲ್ಲಿ ಎದುರಾಳಿ ಯಾರು ಮೇಲೆ ಬೀಳ್ತಾನೆ, ಯಾರು ಹಿಂದೆ ಸರೀತಾನೆ, ತನ್ನವನು ಯಾವ ಮೂಲೆಗೆ ಓಡ್ತಾನೆ, ಎಲ್ಲ ತಲೇಲಿ ಕೂತಿರಬೇಕು. ಇದನ್ನ ಬೋರ್ಡ್ ಮೇಲೆ ಬರೆದು ಸ್ವಲ್ಪ ಕಲಿಸಬಹುದು, ಪೂರ್ತಿ ಆಗಲ್ಲ. ಮಂಡ್ಯ ಸೀಮೆಯ ಹೊನಲು ಬೆಳಕಿನ ಕಬಡ್ಡಿ ನೋಡಿದೋರಿಗೆ ಇದು ಗೊತ್ತು. ಫ್ಲೆಕ್ಸ್ ಮೇಲೆ ಹೊರಗಿಂದ ಕರೆಸಿದ ರೈಡರ್ ಫೋಟೋ ದೊಡ್ಡದಾಗಿರುತ್ತೆ. ಆದ್ರೆ ಆ ರೈಡರ್‌ನ ಕಾಲು ಹಿಡಿಯೋದು ಮೂಲೆಯಲ್ಲಿ ನಿಂತ, ಹೊಟ್ಟೆ ಸ್ವಲ್ಪ ಬಂದಿರೋ, ಹಗಲು ಆಟೋ ಓಡಿಸೋ ಅಣ್ಣ. ಅವನು ರೈಡರ್ ಮುಖ ನೋಡಲ್ಲ, ಸೊಂಟ ನೋಡ್ತಾನೆ.

ಇನ್ನೊಂದು ವಿಷಯ ಮೈಕಟ್ಟು. 18ರ ಹುಡುಗನಿಗೂ ನಾಲ್ಕು ವರ್ಷ ಜಿಮ್‌ನಲ್ಲಿ ಬೆಳೆದ 22ರ ಗಂಡಸಿಗೂ ವ್ಯತ್ಯಾಸ ಇದ್ದೇ ಇದೆ. ಒಬ್ಬರನ್ನೊಬ್ಬರು ಕೆಡವೋ ಆಟದಲ್ಲಿ ಇದು ಸಣ್ಣ ಮಾತಲ್ಲ.

ಹಾಗಂತ ಸ್ಟಾರ್‌ಗಳೆಲ್ಲ ಸುಳ್ಳು ಅಂತ ಬರೆದ್ರೆ ನಾನೂ ವಾಟ್ಸಾಪ್ ಫಾರ್ವರ್ಡ್ ಮಾಡಿದಂಗೆ. 2021, 2022ರಲ್ಲಿ ಜಾರ್ಜಿಯಾ, 2023ರಲ್ಲಿ ಮಿಷಿಗನ್, 2024ರಲ್ಲಿ ಒಹಾಯೊ ಸ್ಟೇಟ್, ಗೆದ್ದವೆಲ್ಲ ನಾಲ್ಕು-ಐದು ಸ್ಟಾರ್ ಹುಡುಗರು ತುಂಬಿದ್ದ ತಂಡಗಳೇ. ಆದ್ರೆ ಮಿಷಿಗನ್, ಒಹಾಯೊ ಸ್ಟೇಟ್ ಎರಡರಲ್ಲೂ ಗೆಲ್ಲಿಸಿದ್ದು ಎನ್‌ಎಫ್‌ಎಲ್‌ಗೆ ಹೋಗಬಹುದಾಗಿದ್ರೂ ಇನ್ನೊಂದು ವರ್ಷ ಕಾಲೇಜಲ್ಲೇ ಉಳಿದ ಹಿರಿಯ ಆಟಗಾರರು. ಸ್ಟಾರ್ ಇದ್ದವರೇ, ಆದ್ರೆ ಅದು ಮಾಗಿದ ಮೇಲೆ.

ಅನುಭವಕ್ಕೂ ರೇಟು ಬಂತು

ಹತ್ತು ವರ್ಷದ ಹಿಂದೆ ಸಿಗ್ನೆಟ್ಟಿ ಹೀಗೆ ತಂಡ ಕಟ್ಟೋಕೆ ಆಗ್ತಿರಲಿಲ್ಲ. ಆಗ ಆಟಗಾರ ಕಾಲೇಜು ಬದಲಿಸಿದ್ರೆ ಸಾಮಾನ್ಯವಾಗಿ ಒಂದು ವರ್ಷ ಹೊರಗೆ ಕೂರಬೇಕಿತ್ತು. 2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಬಂತು, ಅಂದ್ರೆ ಕಾಲೇಜು ಬಿಡಬೇಕು ಅನ್ನೋರ ಆನ್‌ಲೈನ್ ಪಟ್ಟಿ. 2021ರಲ್ಲಿ ಒಂದು ಸಲ ಕಾಯದೆ ಬದಲಾಯಿಸಬಹುದು ಅಂದ್ರು. 2024ರಿಂದ ಓದು ಸರಿಯಿದ್ರೆ ಎಷ್ಟು ಸಲ ಬೇಕಾದ್ರೂ. ಜೊತೆಗೆ ದುಡ್ಡು. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿಂದ ಸಂಪಾದಿಸಬಹುದು. 2025ರ ಜುಲೈಯಿಂದ ಕಾಲೇಜೇ ನೇರವಾಗಿ ಕೊಡಬಹುದು. 2025-26ರಲ್ಲಿ ಒಂದು ವಿಶ್ವವಿದ್ಯಾಲಯ ಎಲ್ಲ ಕ್ರೀಡೆ ಸೇರಿ ಸುಮಾರು 2 ಕೋಟಿ 5 ಲಕ್ಷ ಡಾಲರ್ ತನಕ, ನಮ್ಮ ಲೆಕ್ಕದಲ್ಲಿ 180 ಕೋಟಿ ರೂಪಾಯಿ ಆಸುಪಾಸು.

ಆಡಿದ ಒಂದೊಂದು ವರ್ಷಕ್ಕೂ ಈಗ ಬೆಲೆ ಇದೆ. ನಿಯಮ ಏನಪ್ಪಾ ಅಂದ್ರೆ ಐದು ವರ್ಷದೊಳಗೆ ನಾಲ್ಕು ಸೀಸನ್. ಆದ್ರೆ ಕೊರೊನಾ ಕಾಲದ ಸೀಸನ್ ಲೆಕ್ಕಕ್ಕಿಲ್ಲ ಅಂತ ಆಗ ಒಂದು ವರ್ಷ ಹೆಚ್ಚಿಗೆ ಕೊಟ್ಟಿದ್ರು. ಫೈನಲ್‌ನಲ್ಲಿ ಸೋತ ಮಯಾಮಿಯ ಕ್ವಾರ್ಟರ್‌ಬ್ಯಾಕ್ ಕಾರ್ಸನ್ ಬೆಕ್‌ಗೆ ಇದು ಕಾಲೇಜಿನ ಆರನೇ ವರ್ಷ. ಜಾರ್ಜಿಯಾದಲ್ಲಿ ಐದು ವರ್ಷ ಇದ್ದು ಬಂದವನು. ಫೈನಲ್‌ಗೆ ಮುಂಚೆ ಕ್ಲಾಸ್ ಬಗ್ಗೆ ಕೇಳಿದ್ದಕ್ಕೆ, ಎರಡು ವರ್ಷದ ಹಿಂದೆಯೇ ಡಿಗ್ರಿ ಮುಗಿದಿದೆ, ಕ್ಲಾಸೇ ಇಲ್ಲ ಅಂದಿದ್ದು ದೊಡ್ಡ ಸುದ್ದಿಯಾಯ್ತು. ಅಷ್ಟು ಅನುಭವ ಇದ್ರೂ ಕೊನೇ ನಿಮಿಷದಲ್ಲಿ ಅವನು ಎಸೆದ ಚೆಂಡು ಇಂಡಿಯಾನಾ ಆಟಗಾರನ ಕೈ ಸೇರ್ತು. ಆಟ ಅಲ್ಲಿಗೆ ಮುಗೀತು.

ಡಿಯಾಗೊ ಪಾವಿಯಾನ ಕಥೆ ಇನ್ನೂ ಜೋರು. ಒಂದು ಸ್ಟಾರ್ ಕೂಡ ಇಲ್ಲದ ಹುಡುಗ. ಜೂನಿಯರ್ ಕಾಲೇಜು, ಆಮೇಲೆ ನ್ಯೂ ಮೆಕ್ಸಿಕೊ ಸ್ಟೇಟ್, ಆಮೇಲೆ ವ್ಯಾಂಡರ್‌ಬಿಲ್ಟ್. ಸೋಲಿಗೇ ಹೆಸರಾದ ಆ ವ್ಯಾಂಡರ್‌ಬಿಲ್ಟ್ 2024ರ ಅಕ್ಟೋಬರ್‌ನಲ್ಲಿ ಆಗಿನ ನಂಬರ್ ಒನ್ ಅಲಬಾಮಾವನ್ನ 40-35ಕ್ಕೆ ಮಣಿಸಿದ್ದು ಅವನ ಆಟದಿಂದ. ಅಷ್ಟೊತ್ತಿಗೆ ಅವನ ವರ್ಷಗಳು ಮುಗಿದಿದ್ವು. ಅವನು ಕೋರ್ಟ್‌ಗೆ ಹೋದ. ಜೂನಿಯರ್ ಕಾಲೇಜಿನ ವರ್ಷಗಳನ್ನ ಲೆಕ್ಕಕ್ಕೆ ಹಿಡಿದು ನನ್ನ ಸಂಪಾದನೆಗೆ ಅಡ್ಡ ಬರ್ತಿದ್ದೀರಿ ಅನ್ನೋದು ವಾದ. 2024ರ ಡಿಸೆಂಬರ್‌ನಲ್ಲಿ ಫೆಡರಲ್ ನ್ಯಾಯಾಧೀಶರು ಅವನ ಪರ ಆದೇಶ ಕೊಟ್ಟರು. ಆ ಹೆಚ್ಚುವರಿ ವರ್ಷದಲ್ಲಿ ಹೈಸ್ಮನ್ ಮತದಲ್ಲಿ ಮೆಂಡೋಜಾ ನಂತರದ ಸ್ಥಾನ ಪಡೆದ. ಸ್ಟಾರ್ ಇಲ್ಲದೆ ಬಂದವನಿಗೆ ಸಿಕ್ಕ ಆ ಒಂದು ವರ್ಷ ನ್ಯಾಯವೇ ಅನ್ನೋದು ನನ್ನ ಅಭಿಪ್ರಾಯ.

ಆದ್ರೆ ಲೆಕ್ಕದ ಇನ್ನೊಂದು ಬದಿಗೆ ಯಾರಿದ್ದಾರೆ ಅಂತಾನೂ ನೋಡಬೇಕು. ಹೊಸ ಒಪ್ಪಂದದಲ್ಲಿ ಒಂದು ಫುಟ್‌ಬಾಲ್ ತಂಡಕ್ಕೆ 105 ಜನರ ಮಿತಿ. ಮೊದಲು ಸ್ಕಾಲರ್‌ಶಿಪ್ ಇಲ್ಲದೆ, ಆಟದ ಹುಚ್ಚಿಗೆ ಸೇರ್ತಿದ್ದ ಹುಡುಗರಿಂದ ತಂಡ ಇನ್ನೂ ದೊಡ್ಡದಿರ್ತಿತ್ತು. ಈಗ ಜಾಗ ಇರೋದೇ ಅಷ್ಟು. ಅದರಲ್ಲಿ 23 ವರ್ಷದ ಅನುಭವಿ ಇನ್ನೊಂದು ವರ್ಷ ಉಳಿದ್ರೆ, ಪಕ್ಕದ ಕಾಲೇಜಿಂದ ಮಾಗಿದ ಆಟಗಾರನನ್ನ ತಂದ್ರೆ, 17ರ ಹುಡುಗನ ಜಾಗ ಹೋಯ್ತು. ಸೋತ್ರೆ ಎರಡೇ ವರ್ಷಕ್ಕೆ ಕೆಲಸ ಕಳ್ಕೊಳ್ಳೋ ಕೋಚ್ ಯಾರನ್ನ ಆರಿಸ್ತಾನೆ ಹೇಳಿ? ಹೈಸ್ಕೂಲ್ ಹುಡುಗರನ್ನ ತಗೊಳ್ಳೋದು ಕಮ್ಮಿ ಮಾಡ್ತಿದ್ದೀವಿ ಅಂತ ಕೋಚ್‌ಗಳೇ ಹೇಳ್ತಿದ್ದಾರೆ. ನಮ್ಮಲ್ಲಿ ಫ್ರೆಷರ್‌ಗೆ ಎರಡು ವರ್ಷದ ಎಕ್ಸ್‌ಪೀರಿಯನ್ಸ್ ಕೇಳ್ತಾರಲ್ಲ, ಅದೇ ರೋಗ.

ಪೋರ್ಟಲ್‌ನಲ್ಲೂ ಹೆಸರು ಹಾಕೋರು ಸಾವಿರಾರು, ಎಲ್ಲರಿಗೂ ತಂಡ ಸಿಗಲ್ಲ. ಮೂರು ಕಾಲೇಜು ಸುತ್ತಿದ ಹುಡುಗನ ಕ್ರೆಡಿಟ್‌ಗಳು ಹೊಸ ಕಾಲೇಜಲ್ಲಿ ಪೂರ್ತಿ ಲೆಕ್ಕಕ್ಕೆ ಬರದೇ ಹೋಗಬಹುದು. ಆಟನೂ ಇಲ್ಲ, ಡಿಗ್ರಿನೂ ಇಲ್ಲ ಅಂತಾದ್ರೆ ಅದು ಏನು ಅಂತ ನನಗೆ ಅರ್ಧ ಗೊತ್ತು. ಮೂರೇ ವರ್ಷಕ್ಕೆ ಡಿಗ್ರಿ ಮುಗಿಸೋ ಮೆಂಡೋಜಾಗಳು ಎಷ್ಟು ಜನ ಇರ್ತಾರೆ?

ಹುಡುಗರನ್ನ ಕಳ್ಕೊಂಡ ಜೇಮ್ಸ್ ಮ್ಯಾಡಿಸನ್ ಮಾತ್ರ ಕೂತು ಅಳಲಿಲ್ಲ. ಮತ್ತೆ ತಂಡ ಕಟ್ಟಿ ಈ ಸಲ ಪ್ಲೇಆಫ್‌ಗೆ ಬಂದು, ಒರೆಗಾನ್ ಎದುರು 51-34ಕ್ಕೆ ಸೋತಿತು. ಸೋತ ಮೇಲೆ ಅಲ್ಲಿಂದಲೂ ಕೋಚ್ ಬೇರೆ ಕಡೆ ಹೊರಟರು. ಸಣ್ಣ ಕಾಲೇಜು ಬೆಳೆಸೋದು, ದೊಡ್ಡ ಕಾಲೇಜು ಕೊಯ್ಯೋದು. ಇಂಡಿಯಾನಾವನ್ನ ಬಡವರ ಗೆಲುವು ಅಂತ ಹಾಡಿ ಹೊಗಳೋರು ಇದನ್ನ ಮರೀಬಾರದು. ಸ್ಟಾರ್ ಇಲ್ಲದ ತಂಡ ನಿಜ, ಆದ್ರೆ ಬೇರೆಯವರ ಹೊಲದಲ್ಲಿ ಮಾಗಿದ ಬೆಳೆ.

ಈ ಸಲದ ಪೋರ್ಟಲ್ ತೆರೆದಿದ್ದು ಜನವರಿ 2ರಿಂದ 16ರವರೆಗೆ. ಫೈನಲ್ ನಡೆದದ್ದು 19ಕ್ಕೆ. ಅಂದ್ರೆ ಕಪ್ ಎತ್ತೋ ಮೊದಲೇ ಇಂಡಿಯಾನಾ ಮುಂದಿನ ವರ್ಷಕ್ಕೆ ಕ್ವಾರ್ಟರ್‌ಬ್ಯಾಕ್ ನೋಡಿ ಇಟ್ಟಾಗಿತ್ತು. ಟಿಸಿಯು ತಂಡದಲ್ಲಿ ಮೂರು ಸೀಸನ್ ಆಡಿದ ಜಾಶ್ ಹೂವರ್ ಬರ್ತಿದ್ದಾನೆ. ಹೈಸ್ಕೂಲಿಂದ ಅದೇ ಜಾಗಕ್ಕೆ ಅಂತ ಬಂದ ಹುಡುಗರು ಇನ್ನೊಂದು ವರ್ಷ ಬೆಂಚಲ್ಲಿ ಕೂತು ನೋಡಬೇಕು, ಇಲ್ಲ ತಾವೂ ಪೋರ್ಟಲ್‌ನಲ್ಲಿ ಹೆಸರು ಹಾಕಬೇಕು.